ಕೊನೆಯ ಬೆಂಚಿನ ಕೆಮ್ಮು

ಆ ಭಾನುವಾರ ಓಲ್ದಾ ಬೆಳಗ್ಗೆಯೇ ಬೂಟಿಗೆ ಪಾಲಿಶ್ ಹಾಕಿ ಬಾಗಿಲ ಬಳಿ ಇಟ್ಟಿದ್ದ. ಸಂಗೀತ ಕಛೇರಿ ಇದ್ದದ್ದು ಸಂಜೆ ನಾಲ್ಕಕ್ಕೆ. ಮದುವೆಗಾಗಲಿ ಸಾವಿಗಾಗಲಿ ನನ್ನ ಗಂಡ ಇಷ್ಟು ಮುಂಚೆ ಸಿದ್ಧನಾದದ್ದನ್ನು ನಾನು ಕಂಡಿರಲಿಲ್ಲ.

ಅವನು ಬರುವುದು ನನಗೆ ಬೇಡವಾಗಿತ್ತು. ಓಲ್ದಾ ಕಲ್ಲುಕುಟಿಗ. ಮೂವತ್ತು ವರ್ಷ ಮರಳುಗಲ್ಲಿನ ಧೂಳು ಕುಡಿದು ಅವನ ಶ್ವಾಸಕೋಶ ಕೆಟ್ಟುಹೋಗಿದೆ. ಕೆಮ್ಮು ಹತ್ತಿಕೊಂಡರೆ ಬೇಗ ಬಿಡುವುದಿಲ್ಲ. ಗುಡ್ಡದ ಮೇಲಿನ ಪುಟ್ಟ ಚರ್ಚು, ಸಂತ ಅನ್ನಾ ಚಾಪೆಲಿನ ದುರಸ್ತಿ ನಡೆದಾಗ ಮೂರು ಬೇಸಿಗೆ ಅಟ್ಟಣಿಗೆಯ ಮೇಲೆ ನಿಂತು ಮುಕ್ಕಾದ ಕಲ್ಲಿನ ದೇವದೂತರಿಗೆ ರೆಕ್ಕೆ ಕೆತ್ತಿ ಕೂಡಿಸಿದವನು ಅವನು. ಕೆಲಸ ಮುಗಿದ ಮೇಲೆ ಒಂದು ದಿನವೂ ಒಳಗೆ ಹೋಗಿ ಕೂತಿರಲಿಲ್ಲ. ಚಾಪೆಲಿಗೆ ಸದಾ ಬೀಗ ಹಾಕಿರುತ್ತಾರೆ. ನಮ್ಮ ಸಂಗೀತ ಮಿತ್ರ ಮಂಡಳಿಯ ಕಛೇರಿಗೆಂದು ವರ್ಷಕ್ಕೆ ಎರಡು ಸಲ ತೆರೆಯುತ್ತಾರೆ, ಅಷ್ಟೇ.

ನಾನು ಮಂಡಳಿಗೆ ಸೇರಿದ್ದು ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ. ಅದರ ಅಧ್ಯಕ್ಷೆ ಹೆಡ್ವಿಕಾ ಪ್ರಾಗಿನಲ್ಲಿ ಪಿಯಾನೊ ಕಲಿಸುತ್ತಿದ್ದವರು. ಎರಡು ವರ್ಷದ ಹಿಂದೆ ನಮ್ಮ ಊರಿಗೆ ಬಂದು ನೆಲೆಸಿದ್ದರು. ನಿಮಗೆ ಒಳ್ಳೆಯ ಕಿವಿಯಿದೆ ಎಂದು ಒಮ್ಮೆ ನನಗೆ ಹೇಳಿದ್ದರು. ಆ ಮಾತನ್ನು ನಾನು ವಾರಗಟ್ಟಲೆ ಮೆಲುಕು ಹಾಕಿದ್ದೆ. ಓಲ್ದಾನನ್ನು ಅವರು ನೋಡಿರಲಿಲ್ಲ. ಪರಿಚಯಿಸುವ ಸಂದರ್ಭ ಬರಲಿಲ್ಲ ಎನ್ನಬಹುದು; ನಿಜವೆಂದರೆ ನಾನು ಬರಗೊಡಲಿಲ್ಲ.

"ಅಲ್ಲಿ ಕೆಮ್ಮು ಬಂದ್ರೆ ಏನ್ಮಾಡ್ತೀಯ?" ಎಂದು ಊಟದ ಹೊತ್ತಿಗೆ ಕೇಳಿದೆ.

"ಪುದೀನ ಮಿಠಾಯಿ ಇಟ್ಕೊಂಡಿದ್ದೀನಿ ಕಣೇ. ತಡೆಯೋಕಾಗ್ದಿದ್ರೆ ಎದ್ದು ಆಚೆ ಹೋಗ್ತೀನಿ. ಒಂದ್ಸಲ ಆ ರೆಕ್ಕೆಗಳನ್ನ ಕೂತ್ಕೊಂಡು ನೋಡ್ಬೇಕು. ಯಾವಾಗ್ಲೂ ಮೂಗಿಗೆ ತಾಗಿಸ್ಕೊಂಡೇ ನೋಡಿದ್ದು."

ಇದಕ್ಕೆ ಬೇಡವೆನ್ನುವುದು ಹೇಗೆ? ಇಬ್ಬರೂ ಗುಡ್ಡ ಹತ್ತಿದೆವು. ಅವನು ಮೂರು ಕಡೆ ನಿಂತು ಉಸಿರು ತೆಗೆದುಕೊಂಡ. ಚಾಪೆಲಿನ ಬಾಗಿಲಲ್ಲಿ ಕಾವಲುಗಾರ ಮತೌಶ್ ಅವನ ಕೈ ಹಿಡಿದು ಕುಲುಕಿದ. ಅವರದು ಅಟ್ಟಣಿಗೆಯ ಕಾಲದ ಗೆಳೆತನ. ನಾನು ಓಲ್ದಾನನ್ನು ಕೊನೆಯ ಬೆಂಚಿನ ತುದಿಯಲ್ಲಿ ಕೂರಿಸಿ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಮಂಡಳಿಯವರು ಮುಂದೆಯೇ ಕೂರಬೇಕು ಎಂದೆ. ಅವನು ತಲೆಯಾಡಿಸಿದ. ಆಗಲೇ ಕತ್ತೆತ್ತಿ ಮೇಲೆ ನೋಡುತ್ತಿದ್ದ.

ಎರಡನೆಯ ಸಾಲಿನಲ್ಲಿ ಹೆಡ್ವಿಕಾ ನನಗೆ ಜಾಗ ಹಿಡಿದಿದ್ದರು. ನಿಮ್ಮ ಯಜಮಾನರು ಈ ಸಲವೂ ಬರಲಿಲ್ಲವೇ ಎಂದು ವಿಚಾರಿಸಿದರು. ಮನೆಯಲ್ಲಿ ಮಲಗಿದ್ದಾರೆ ಎಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಬ್ರನೊ ನಗರದಿಂದ ಬಂದಿದ್ದ ಮೂವರು ವಾದಕರು ನುಡಿಸತೊಡಗಿದರು. ಮೊದಲ ಭಾಗ ಚುರುಕಾಗಿ ಓಡಿ ಮುಗಿಯಿತು. ಎರಡನೆಯದು ವಿಳಂಬದ್ದು. ಪಿಟೀಲು ಸುಮ್ಮನಾಗಿ, ಅದರ ದೊಡ್ಡಣ್ಣನಂಥ ತಗ್ಗುದನಿಯ ಚೆಲ್ಲೊ ಒಂದೇ ಉಳಿದಾಗ, ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ, ಹಿಂದಿನಿಂದ ಆ ಸದ್ದು ಬಂತು. ಗಂಟಲಲ್ಲೇ ಅದುಮಿಟ್ಟ ಸಣ್ಣ ಸದ್ದು. ಅದು ಹೇಗೆ ಬೆಳೆಯುತ್ತದೆಂದು ನನ್ನಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅವನು ಬಾಯಿಗೆ ಕರವಸ್ತ್ರ ಒತ್ತಿಕೊಂಡದ್ದು ಸದ್ದಿನಿಂದಲೇ ತಿಳಿಯಿತು. ಆಮೇಲೆ ಕಟ್ಟೆಯೊಡೆಯಿತು. ಗುಮ್ಮಟದ ತುಂಬ ಅದೇ ಮೊಳಗಿತು. ಚೆಲ್ಲೊ ನುಡಿಸುತ್ತಿದ್ದ ಹುಡುಗಿ ಕಣ್ಣೆತ್ತಿ ನೋಡಿ ಮತ್ತೆ ತಂತಿಯತ್ತ ಬಾಗಿದಳು. ಸಾಲುಗಳಲ್ಲಿ ಒಬ್ಬೊಬ್ಬರೇ ತಿರುಗತೊಡಗಿದರು. ನಾನು ತಿರುಗಲಿಲ್ಲ.

ಹೆಡ್ವಿಕಾ ನನ್ನ ಕಿವಿಯ ಬಳಿ ಬಾಗಿ, "ಯಾರದು, ವ್ಲಾಸ್ತಾ? ನಿಮಗೆ ಗೊತ್ತಾ?" ಎಂದರು.

"ಗೊತ್ತಿಲ್ಲ," ಎಂದೆ. "ಇಂಥೋರನ್ನ ಒಳಗೇ ಬಿಡಬಾರ್ದು."

ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ಎರಡನೆಯ ಮಾತನ್ನು ನನ್ನಿಂದ ಯಾರೂ ಕೇಳಿರಲಿಲ್ಲ.

ಬೆಂಚು ಕಿರುಗುಟ್ಟಿತು, ಮತೌಶನ ಹೆಜ್ಜೆ ಕೇಳಿಸಿತು, ಬಾಗಿಲು ತೆರೆದು ಮುಚ್ಚಿತು. ಕೆಮ್ಮು ಹೊರಗೆ ಬಹಳ ಹೊತ್ತು ನಡೆಯಿತು. ಒಳಗೆ ಸಂಗೀತ ಮುಂದುವರಿಯಿತು. ಅದರಲ್ಲಿ ಏನಿತ್ತೆಂದು ಈಗ ಕೇಳಿದರೆ ನಾನು ಹೇಳಲಾರೆ.

ಕಛೇರಿ ಮುಗಿದು ನಾನೂ ಹೆಡ್ವಿಕಾ ಹೊರಗೆ ಬಂದಾಗ ಓಲ್ದಾ ಮೋಟುಗೋಡೆಯ ಮೇಲೆ ಮತೌಶನ ಪಕ್ಕ ಕೂತಿದ್ದ. ಮುಖ ಬಿಳಿಚಿತ್ತು. ನಮ್ಮನ್ನು ಕಂಡು ಎದ್ದುನಿಂತ. ಮೊದಲು ನನ್ನನ್ನು ನೋಡಿದ, ಆಮೇಲೆ ನನ್ನ ತೋಳಿನಲ್ಲಿ ತೋಳಿಟ್ಟಿದ್ದ ಹೆಡ್ವಿಕಾರನ್ನು. ನನ್ನ ಮುಖದಲ್ಲಿ ಏನು ಓದಿದನೋ, ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಕ್ಷಮಿಸಿ ಅಮ್ಮಾ. ಒಳ್ಳೇ ಸಂಗೀತ ಕೆಡಿಸ್ಬಿಟ್ಟೆ," ಎಂದು ಹೆಡ್ವಿಕಾರಿಗೆ ಹೇಳಿದ. ನಂತರ ನನ್ನ ಕಡೆ ತಿರುಗಿ, "ನೀವೂ ಕ್ಷಮಿಸಿ," ಎಂದ.

ಮದುವೆಯಾಗಿ ಮೂವತ್ತಾರು ವರ್ಷವಾಗಿತ್ತು. ಅವನು ನನ್ನನ್ನು ನೀವು ಎಂದದ್ದು ಅದೇ ಮೊದಲು.

ಮತೌಶ್ ತನ್ನ ಬೀಗದ ಕೈಗಳನ್ನೇ ನೋಡುತ್ತ ನಿಂತಿದ್ದ. ಆಗ ಒಂದು ಮಾತು ಸಾಕಿತ್ತು. ನಾನು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಹೆಡ್ವಿಕಾ, ಅದರಲ್ಲೇನಿದೆ, ಆರೋಗ್ಯ ನೋಡಿಕೊಳ್ಳಿ ಎಂದು ಅವನಿಗೆ ಹೇಳಿ, ವಾದಕರು ಕಾಯುತ್ತಿದ್ದಾರೆಂದು ನನ್ನನ್ನು ಕರೆದರು. ನಾನು ಹೋದೆ. ಪಾದ್ರಿಗಳ ಮನೆಯಲ್ಲಿ ಒಂದು ಗಂಟೆ ಹೊತ್ತು ಎಲ್ಲರಿಗೂ ಕಾಫಿ ಬಗ್ಗಿಸಿದೆ, ಪ್ಲಮ್ ಕೇಕು ಹಂಚಿದೆ, ನಕ್ಕೆ. ಓಲ್ದಾ ಗುಡ್ಡ ಒಬ್ಬನೇ ಇಳಿದಿದ್ದ.

ಮನೆಯಲ್ಲಿ ಅವನು ನನಗೆ ಸೂಪು ಬಿಸಿ ಮಾಡಿಟ್ಟಿದ್ದ. ಕೊನೆಯ ಭಾಗ ಹೇಗಿತ್ತು ಎಂದು ಕೇಳಿದ. ಚೆನ್ನಾಗಿತ್ತು ಎಂದೆ. ಅವನು ಬೈದಿದ್ದರೆ ನಾನೂ ಏನಾದರೂ ಜಗಳ ತೆಗೆದು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ಸೋಮವಾರ, ಮಂಗಳವಾರ ಹಾಗೆಯೇ ಕಳೆದವು. ಒಂದೇ ಮೇಜಿನಲ್ಲಿ ಉಂಡೆವು, ಉಪ್ಪು ಕೊಡು, ಕಿಟಕಿ ಮುಚ್ಚು ಎಂಬುದರಾಚೆ ಮಾತಿರಲಿಲ್ಲ.

ಬುಧವಾರ ನಾನು ಹೆಡ್ವಿಕಾರ ಮನೆಗೆ ಹೋದೆ. ಕೋಟು ಬಿಚ್ಚದೆಯೇ, ಅವತ್ತು ಕೆಮ್ಮಿದವರು ನನ್ನ ಗಂಡ ಎಂದೆ. ಅವರು ಪಿಯಾನೊ ಮುಂದಿನ ಸ್ಟೂಲಿನ ಮೇಲೆ ಕೂತುಬಿಟ್ಟರು.

"ನಾನು ಯಾರು ಅಂತ ಕೇಳಿದ್ದು ನೀರು ಕಳಿಸೋಣ ಅಂತ," ಎಂದರು. "ನನ್ನ ಬ್ಯಾಗಲ್ಲಿ ಬಾಟ್ಲಿ ಇತ್ತು. ನೀವು ಹಾಗಂದ್ಮೇಲೆ ನಂಗೂ ತೆಗೆಯೋಕೆ ಸಂಕೋಚ ಆಯ್ತು, ವ್ಲಾಸ್ತಾ."

ಮನೆಗೆ ಹೇಗೆ ಬಂದೆನೋ. ಓಲ್ದಾ ಅಂಗಳದಲ್ಲಿ ಕೂತು, ಕಾಡಿನಿಂದ ತಂದ ಅಣಬೆಗಳನ್ನು ಚಾಕುವಿನಿಂದ ಸೋಸುತ್ತಿದ್ದ. ಅವನೆದುರು ನಿಂತು, ಹೆಡ್ವಿಕಾರಿಗೆ ಎಲ್ಲ ಹೇಳಿಬಂದೆ ಎಂದೆ. ಅವನು ಒಂದು ಅಣಬೆಯ ಕಾಲು ಕೆರೆದು ಮುಗಿಸಿದ.

"ಮೊದ್ಲು ಅವರ ಹತ್ರ ಹೋದ್ಯಾ?"

ಅದು ನನಗೆ ಹೊಳೆದೇ ಇರಲಿಲ್ಲ. ಪ್ರಾಗಿನ ಹೆಂಗಸಿನ ಕಣ್ಣಿನಲ್ಲಿ ಚಿಕ್ಕವಳಾಗಬಾರದೆಂದು ಅವನನ್ನು ಅಲ್ಲಗಳೆದಿದ್ದೆ. ಈಗ ದೊಡ್ಡವಳಾಗಲೂ ಅಲ್ಲಿಗೇ ಓಡಿದ್ದೆ. ಪಕ್ಕದಲ್ಲಿ ಕೂತು, ತಪ್ಪಾಯ್ತು ಓಲ್ದಾ, ಎಂದೆ. ಮೂರು ದಿನ ಕಟ್ಟಿಕೊಂಡಿದ್ದ ಅಳು ಬಂತು.

ಅವನು ಪರವಾಗಿಲ್ಲ ಎನ್ನಲಿಲ್ಲ. ಅಳು ನಿಲ್ಲುವವರೆಗೆ ಕಾದು, ಒಂದು ಹಿಡಿ ಅಣಬೆ ನನ್ನ ಮಡಿಲಿಗೆ ಸುರಿದ.

"ಹುಳ ಇದ್ಯಾ ನೋಡು. ನಂಗೆ ಸರಿಯಾಗಿ ಕಾಣಲ್ಲ."

ಆ ಚಳಿಗಾಲ ಹೆಡ್ವಿಕಾ ಎರಡು ಸಲ ನಮ್ಮ ಮನೆಗೆ ಬಂದರು. ಓಲ್ದಾ ಅವರೊಡನೆ ಕಲ್ಲಿನ ಬಗ್ಗೆ ಲೋಕಾಭಿರಾಮವಾಗಿ ಮಾತಾಡಿದ, ನಗಿಸಿದ ಕೂಡ. ಮುಂದಿನ ಕಛೇರಿಗೆ ತಮ್ಮ ಪಕ್ಕದಲ್ಲೇ ಕೂರಬೇಕೆಂದು ಅವರು ಕರೆದಾಗ, ನೋಡೋಣ ಎಂದ. ಹೋಗಲಿಲ್ಲ. ಇನ್ನೊಮ್ಮೆ ಕರೆಯುವ ಮುಖ ನನಗಿರಲಿಲ್ಲ.