ಮರಕ್ಕೆ ಹೇಳಿದ ಸಾಕ್ಷಿ

ಅಣ್ಣ ಗಂಗುಲಪ್ಪ ಸತ್ತ ಮೇಲೂ ತನಗೆ ನೆಮ್ಮದಿ ಕೊಡಲಿಲ್ಲ ಎಂದು ಶಾಮಲಮ್ಮ ಯಲ್ದೂರಿನ ಬಸ್ ಸ್ಟಾಪಿನಲ್ಲಿ ಕಂಡಕಂಡವರ ಮುಂದೆ ಬೈದುಕೊಳ್ಳುತ್ತಿದ್ದಳು. ಹೋಗುವ ಮನುಷ್ಯ ಸುಮ್ಮನೆ ಹೋಗಬಾರದೇ? ವಿಲ್ ಬರೆಸಿ, ಅದರಲ್ಲಿ ತಂಗಿಯ ಹೆಸರನ್ನು ಎಕ್ಸಿಕ್ಯೂಟರ್ ಅಂತ ಹಾಕಿಸಿ ಹೋಗಿದ್ದ. ಹಾಗಂದರೇನು ಎಂದು ಕೇಳಿದ್ದಕ್ಕೆ ಕೋಲಾರದ ಲಾಯರು ಶ್ರೀಪ್ರಿಯಾ, ಸತ್ತವರ ಇಷ್ಟದ ಪ್ರಕಾರ ಅವರ ಆಸ್ತಿಯನ್ನು ಸೇರಬೇಕಾದವರಿಗೆ ಸೇರಿಸುವ ಜವಾಬ್ದಾರಿ ಎಂದು ಬಿಡಿಸಿ ಹೇಳಿದಳು. ಬಿಟ್ಟಿ ಚಾಕರಿ ಎಂದು ಶಾಮಲಮ್ಮ ಅರ್ಥ ಮಾಡಿಕೊಂಡಳು.

ಆದರೆ ಒಲ್ಲೆ ಎನ್ನುವ ಹಾಗಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಅಣ್ಣ ಅವಳ ಕೈ ಹಿಡಿದುಕೊಂಡು, ಗಂಗಾಳನ್ನು ಆ ಮನೆಯಿಂದ ಯಾರೂ ಎಬ್ಬಿಸಬಾರದು ಎಂದಿದ್ದ. ಆಯ್ತು ಸುಮ್ಮನಿರು, ಮಾತಾಡಬೇಡ ಎಂದು ಇವಳು ಗದರಿದ್ದಳು. ಗದರಿದ್ದರೇನು, ಮಾತು ಕೊಟ್ಟಂತೆಯೇ ಆಯಿತು.

ಗಂಗಾ ಗಂಗುಲಪ್ಪನ ಮಗಳಲ್ಲ. ಅವನಿಗೂ ಹೆಂಡತಿ ಆಂಜಿನಮ್ಮನಿಗೂ ಮಕ್ಕಳಾಗಲಿಲ್ಲ. ಆಂಜಿನಮ್ಮನ ತಂಗಿ ತೀರಿಕೊಂಡಾಗ ಲಂಗ ಹಿಡಿದುಕೊಂಡು ಅಳುತ್ತಾ ನಿಂತಿದ್ದ ಮಗುವನ್ನು ಬೈರಕೂರಿಗೆ ಕರೆತಂದು ಸಾಕಿದರು. ದತ್ತು ಪತ್ರ ಗಿತ್ರ ಯಾರಿಗೆ ಹೊಳೆಯಬೇಕು? ಮದುವೆ ಮಾಡಿಕೊಟ್ಟರು, ಗಂಡ ನೆಟ್ಟಗಿರಲಿಲ್ಲ, ವಾಪಸು ಬಂದಳು. ಅವತ್ತಿನಿಂದ ಜಗಲಿಯಲ್ಲಿ ಕೂತು ರವಿಕೆ ಹೊಲಿಯುವುದು, ಮಾವಿನ ತೋಟ ನೋಡಿಕೊಳ್ಳುವುದು, ಮೊದಲು ದೊಡ್ಡಮ್ಮನ, ಆಮೇಲೆ ದೊಡ್ಡಪ್ಪನ ಆರೈಕೆ ಮಾಡುವುದು, ಇಷ್ಟೇ ಅವಳ ಬದುಕು. ಗಂಗುಲಪ್ಪ ತಾನು ದುಡಿದು ಕೊಂಡ ತೋಟವನ್ನೂ ಕಟ್ಟಿಸಿದ ಮನೆಯನ್ನೂ ಅವಳ ಹೆಸರಿಗೆ ಬರೆದಿದ್ದ.

ಅದಕ್ಕೆ ತಕರಾರು ತೆಗೆದವನು ಒಡಹುಟ್ಟಿದ ತಮ್ಮ ಕಾಂತರಾಜ. ಮಾಲೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರಾದವನು. ಬೈರಕೂರಿನ ಕಡೆ ಲೇಔಟ್ ಮಾಡುವವರು ಓಡಾಡುತ್ತಿದ್ದರು, ಯಾರೋ ಇವನ ಕಿವಿ ಊದಿದ್ದರು. ಒಂದು ದಿನ ಯಲ್ದೂರಿಗೆ ಬಂದು, ಅಕ್ಕ ಬಡಿಸಿದ ಊಟವನ್ನೆಲ್ಲ ಉಂಡು, ಕೈ ತೊಳೆದುಕೊಂಡು ಬಂದು ಮಾತು ತೆಗೆದ.

“ವಿಲ್ ಬಿದ್ದು ಹೋದ್ರೆ ನಾವಿಬ್ರೇ ವಾರಸುದಾರರು ಕಣಕ್ಕಾ. ನಿಂಗೂ ಅರ್ಧ ಬರುತ್ತೆ. ನೀನ್ಯಾಕೆ ಆ ಹುಡುಗಿಗೋಸ್ಕರ ಕೋರ್ಟು ಅಲೀತೀಯ?”

ಸಿಟ್ಟು ಬಂದರೆ ಶಾಮಲಮ್ಮನ ಬಾಯಿಂದ ತೆಲುಗು ಹೊರಡುತ್ತದೆ. “ಪೋರಾ” ಎಂದು ಅವನನ್ನು ಬಾಗಿಲವರೆಗೂ ಬೈದು ಕಳಿಸಿದಳು. ಅರ್ಧ ತೋಟ ಎಂದಾಗ ಅವಳ ಮನಸ್ಸು ಒಂದು ಗಳಿಗೆ ಅಲ್ಲಾಡಿದ್ದು ಸುಳ್ಳಲ್ಲ. ಅದಕ್ಕೇ ತಮ್ಮನ ಮೇಲೆ ಅಷ್ಟು ಸಿಟ್ಟು ಬಂದದ್ದು.

ವಿಲ್ ರಿಜಿಸ್ಟರಾಗಿದೆಯಲ್ಲ, ಇನ್ನೇನು ಬೇಕು ಎಂದು ಶಾಮಲಮ್ಮ ಲಾಯರನ್ನು ಕೇಳಿದಳು. ಅಷ್ಟು ಸಾಲದು ಎಂದಳು ಶ್ರೀಪ್ರಿಯಾ. ತಕರಾರು ಬಂದ ಮೇಲೆ ವಿಲ್ ನಿಜವೆಂದು ಕೋರ್ಟಿನಲ್ಲಿ ತೋರಿಸಿ, ಪ್ರೊಬೇಟ್ ಎನ್ನುವ ಮಂಜೂರಾತಿ ಪತ್ರ ತರಬೇಕು. ಗಂಗುಲಪ್ಪ ರುಜು ಹಾಕುವುದನ್ನು ಕಣ್ಣಾರೆ ನೋಡಿ ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಕಟಕಟೆಗೆ ಬಂದು ಹೇಳಬೇಕು. ಸಾಕ್ಷಿಗಳು ಇಬ್ಬರು. ಒಬ್ಬರು ಮುಳಬಾಗಿಲಿನ ಕೃಷ್ಣಮೂರ್ತಿ ಮೇಷ್ಟ್ರು, ಹೋದ ವರ್ಷವೇ ತೀರಿಕೊಂಡಿದ್ದಾರೆ. ಇನ್ನೊಬ್ಬರ ಹೆಸರು ಕದಿರೇಶ ಅಂತ ಇದೆ, ಬೈರಕೂರಿನವರು, ಗೊತ್ತಾ ಎಂದಳು.

ಶಾಮಲಮ್ಮ ಆ ಹೆಸರನ್ನು ಇನ್ನೊಂದು ಸಲ ಓದಿಸಿಕೊಂಡಳು.

ಗೊತ್ತಿಲ್ಲದೆ ಏನು? ಕದಿರೇಶ ಅಣ್ಣನ ತೋಟದ ಪಕ್ಕದವನು. ಅವರಿಬ್ಬರದು ಹಾವು ಮುಂಗುಸಿಯ ಸಂಬಂಧ. ಎರಡು ತೋಟಗಳ ನಡುವಿನ ಬದುವಿನ ಮೇಲೆ ಒಂದು ರಸಪುರಿ ಮಾವಿನ ಮರ. ಅದು ನಮ್ಮಪ್ಪ ನೆಟ್ಟದ್ದು ಎಂದು ಕದಿರೇಶ, ಬದು ನನ್ನದು ಎಂದು ಅಣ್ಣ. ಪಂಚಾಯಿತಿ ಆಯಿತು, ಸರ್ವೆಯವರು ಬಂದು ಚೈನು ಹಿಡಿದು ಹೋದರು, ಏನೂ ಬಗೆಹರಿಯಲಿಲ್ಲ. ಕೊನೆಗೆ ಮಾತು ಬಿಟ್ಟರು. ಹದಿನೈದು ವರ್ಷ ಒಬ್ಬರ ಮುಖ ನೋಡಿ ಒಬ್ಬರು ಮಾತಾಡಲಿಲ್ಲ.

ಮಾತಾಡಲಿಲ್ಲ ಅಂದರೆ ಸುಮ್ಮನಿದ್ದರು ಅಂತಲ್ಲ. ಮಾತು ಬಿಟ್ಟವರು ನಮ್ಮ ಕಡೆ ಹೇಗೆ ಮಾತಾಡುತ್ತಾರೆಂದು ಗೊತ್ತಲ್ಲ, ಮಧ್ಯೆ ಏನಾದರೂ ಒಂದಿರಬೇಕು. ಇವರ ಮಧ್ಯೆ ಆ ಮರವೇ ಇತ್ತು. ನೀರು ನಮ್ಮ ಕಡೆ ಹರೀತಿದೆ, ಗೇಟುವಾಲ್ವು ತಿರುಗಿಸೋಕೆ ಹೇಳಪ್ಪ ಎಂದು ಕದಿರೇಶ ಮರಕ್ಕೆ ಹೇಳುವನು. ಕಿವುಡಾ, ಆಗಲೇ ತಿರುಗಿಸಾಯ್ತು ಅಂತ ಹೇಳು ಎಂದು ಗಂಗುಲಪ್ಪ ಅದೇ ಮರಕ್ಕೆ ಹೇಳುವನು. ಊರಿನವರಿಗೆ ಅದೊಂದು ತಮಾಷೆ.

ಅಂಥವನು ಅಣ್ಣನ ವಿಲ್‌ಗೆ ಯಾಕೆ ಸಾಕ್ಷಿ ಹಾಕಿದ, ಹೇಗೆ ಹಾಕಿದ? ಶಾಮಲಮ್ಮನಿಗೆ ತಲೆಬುಡ ಹತ್ತಲಿಲ್ಲ. ಇದನ್ನೆಲ್ಲ ಕೇಳಿ ಶ್ರೀಪ್ರಿಯಾಳ ಮುಖವೂ ಚಿಕ್ಕದಾಯಿತು. ಆತ ಬಂದು ನನಗೇನೂ ಗೊತ್ತಿಲ್ಲ ಅಂದರೂ ಮುಗಿಯಿತು, ಬರದೇ ಹೋದರೂ ಕಷ್ಟ ಎಂದಳು. ಜೊತೆಗೆ ಬಂದಿದ್ದ ಗಂಗಾ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು.

ಮಾರನೇ ದಿನವೇ ಶಾಮಲಮ್ಮ ಬೈರಕೂರಿಗೆ ಹೋದಳು. ಕದಿರೇಶ ಕೊಟ್ಟಿಗೆಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದ. ಇವಳನ್ನು ಕಂಡದ್ದೇ ಮುಖ ತಿರುಗಿಸಿದ. ಅಣ್ಣನ ಜೊತೆ ಮಾತು ಬಿಟ್ಟ ಮೇಲೆ ಅವನ ಮನೆಯವರ ಜೊತೆಗೂ ಬಿಟ್ಟಂತೆಯೇ ಲೆಕ್ಕ. ಹುಡುಗಿಯಾಗಿದ್ದಾಗ ಇವನನ್ನು ಕದಿರೇಶಣ್ಣ ಎಂದು ಕೂಗಿ ಹುಣಸೆಕಾಯಿ ಕೀಳಿಸಿಕೊಳ್ಳುತ್ತಿದ್ದದ್ದು ನೆನಪಾಗಿ ಶಾಮಲಮ್ಮನಿಗೆ ಹೊಟ್ಟೆ ಉರಿಯಿತು. ಆದರೂ ನಾಲಿಗೆ ಬಿಗಿಹಿಡಿದು ಬಂದ ಕೆಲಸ ಹೇಳಿದಳು. ಗಂಗಾಳ ಗತಿ ಅವನ ಮಾತಿನ ಮೇಲೆ ನಿಂತಿದೆ ಎಂದಳು. ಜೀವಮಾನದಲ್ಲಿ ಯಾರ ಹತ್ತಿರವೂ ಅಂಗಲಾಚದ ಹೆಂಗಸು ಅವತ್ತು ಅಂಗಲಾಚಿದಳು.

ಕದಿರೇಶ ಹಸುವಿನ ಕಡೆ ತಿರುಗಿ, “ಕೋರ್ಟಿಂದ ಸಮನ್ಸು ಬಂದ್ರೆ ಬರ್ತೀನಿ ಅಂತ ಹೇಳೇ. ಏನು ನಡೀತೋ ಅದನ್ನ ಹೇಳ್ತೀನಿ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ” ಎಂದ.

ಏನು ನಡೆಯಿತು ಎಂದು ಇವಳು ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ. ಹಸು ಮಾತ್ರ ಇವಳನ್ನೇ ನೋಡುತ್ತಾ ಮೆಲುಕು ಹಾಕುತ್ತಿತ್ತು. ಎಕ್ಕುಟ್ಟಿ ಹೋಗಲಿ ಎಂದು ಶಾಪ ಹಾಕಿ ಶಾಮಲಮ್ಮ ಬಸ್ಸು ಹತ್ತಿದಳು. ಕುರುಡುಮಲೆ ಗಣಪತಿಗೆ ಒಂದು ಹರಕೆ ಮಾತ್ರ ಮನಸ್ಸಿನಲ್ಲೇ ಕಟ್ಟಿಕೊಂಡಳು.

ಸಾಕ್ಷಿಯ ದಿನ ಕೋಲಾರದ ಕೋರ್ಟಿನಲ್ಲಿ ಕದಿರೇಶ ಬಿಳಿ ಪಂಚೆಯುಟ್ಟು ಬಂದಿದ್ದ. ಯಾರ ಕಡೆಯೂ ನೋಡಲಿಲ್ಲ. ಕಾಂತರಾಜ ಆ ಕಡೆಯ ಬೆಂಚಿನಲ್ಲಿ, ಅಕ್ಕ ಈ ಕಡೆಯ ಬೆಂಚಿನಲ್ಲಿ. ಜವಾನ ಹೆಸರು ಕೂಗಿದ. ಕದಿರೇಶ ಕಟಕಟೆ ಹತ್ತಿ ಪ್ರಮಾಣ ಮಾಡಿದ. ಶ್ರೀಪ್ರಿಯಾ ವಿಲ್ ತೋರಿಸಿ ಕೇಳಿದ್ದಕ್ಕೆ, ಸಹಿ ತನ್ನದೇ, ಮುಳಬಾಗಿಲಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಾಕಿದ್ದು ಎಂದ. ಶಾಮಲಮ್ಮ ಅರ್ಧ ಉಸಿರು ಬಿಟ್ಟಳು.

ಆಗ ಕಾಂತರಾಜನ ಲಾಯರು ಎದ್ದರು. ನೀವೂ ಗಂಗುಲಪ್ಪನೂ ಮಾತಾಡುತ್ತಿದ್ದಿರಾ ಎಂದು ಕೇಳಿದರು. ಹದಿನೈದು ವರ್ಷ ಇಲ್ಲ ಎಂದ.

“ಸಾಕ್ಷಿ ಹಾಕು ಅಂತ ಅವತ್ತು ಅವರು ನಿಮ್ಮನ್ನ ಕೇಳಿದ್ರಾ?”

“ಇಲ್ಲ ಸ್ವಾಮಿ.”

ಶ್ರೀಪ್ರಿಯಾ ಬರೆಯುತ್ತಿದ್ದದ್ದು ನಿಂತಿತು. ಗಂಗಾ ಶಾಮಲಮ್ಮನ ಕೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಳು. ಮುಗಿಯಿತು, ಮನೆಯೂ ಹೋಯಿತು, ಕೊಟ್ಟ ಮಾತೂ ಹೋಯಿತು ಎಂದುಕೊಂಡಳು ಶಾಮಲಮ್ಮ. ಲಾಯರು ಮುಖ ಅರಳಿಸಿಕೊಂಡು, ಹಾಗಾದರೆ ಕೇಳದೇ ಇದ್ದರೂ ಸಹಿ ಹಾಕಿದಿರಾ, ಯಾರು ಹಾಕಿಸಿದರು ಎಂದು ಗದರಿಸಿದರು.

“ಅವನು ನನ್ನನ್ನ ಕೇಳಲಿಲ್ಲ ಸ್ವಾಮಿ. ಹೊಂಗೆಮರಾನ ಕೇಳ್ದ.”

ಜಡ್ಜ್ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಏನು ಹಾಗಂದರೆ, ಸರಿಯಾಗಿ ಹೇಳಿ ಎಂದರು.

ಕದಿರೇಶ ಹೇಳಿದ. ಅವತ್ತು ತಾನೂ ಬೇರೇನೋ ಕಾಗದಕ್ಕೆಂದು ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದ. ಗಂಗುಲಪ್ಪ ಹೊರಗೆ ಹೊಂಗೆಮರದ ಕೆಳಗೆ ಕೃಷ್ಣಮೂರ್ತಿ ಮೇಷ್ಟ್ರ ಜೊತೆ ಕಾಯುತ್ತಿದ್ದ. ಬರುತ್ತೇನೆಂದಿದ್ದ ಇನ್ನೊಬ್ಬ ಸಾಕ್ಷಿ ಕೈಕೊಟ್ಟಿದ್ದ. ಗಂಗುಲಪ್ಪ ಇವನನ್ನು ಕಂಡ. ಮುಖ ತಿರುಗಿಸಿ ಹೊಂಗೆಮರವನ್ನು ನೋಡಿದ.

“ಮರದ ಹತ್ರ ಏನಂದ?” ಎಂದರು ಜಡ್ಜ್ ಸಾಹೇಬರು.

“ನಂಗೊಬ್ಬ ಸಾಕ್ಷಿ ಬೇಕು. ನನ್ನ ಕಂಡ್ರೆ ಆಗದವನಾದ್ರೂ ಪರವಾಗಿಲ್ಲ, ಸುಳ್ಳು ಹೇಳದವನು ಬೇಕು ಅಂದ. ಪೆನ್ನು ಎಲ್ಲಿದೆ ಅಂತ ಕೇಳು ಅಂತ ನಾನೂ ಮರಕ್ಕೇ ಹೇಳ್ದೆ.”

ಶಾಮಲಮ್ಮನ ಕಣ್ಣು ತುಂಬಿ ಬಂತು. ಅಣ್ಣ ಆ ಮಾತು ಆಡಿದ ದನಿಯೇ ಕೇಳಿದಂತಾಯಿತು.

ಗಂಗುಲಪ್ಪ ರುಜು ಹಾಕುವುದನ್ನು ನೀವು ಕಣ್ಣಾರೆ ನೋಡಿದಿರಾ ಎಂದು ಜಡ್ಜ್ ಸಾಹೇಬರೇ ಕೇಳಿದರು.

“ನೋಡ್ದೆ ಸ್ವಾಮಿ. ಅವನೇನು ಮಾಡ್ತಾನೆ ಅಂತ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡೋದೇ ಅಲ್ವಾ ನನ್ನ ಕೆಲಸ ಆಗಿದ್ದು. ಅವನು ಹಾಕ್ದ, ನಾನು ನೋಡ್ದೆ. ನಾನು ಹಾಕ್ದೆ, ಅವನು ನೋಡ್ದ.”

ಲಾಯರು ಸುಮ್ಮನಾಗಲಿಲ್ಲ. ಗಂಗುಲಪ್ಪನಿಗೆ ವಯಸ್ಸಾಗಿತ್ತು, ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಏನು ಬರೆಯುತ್ತಿದ್ದೇನೆಂದು ಅವರಿಗೇ ತಿಳಿದಿರಲಿಲ್ಲ ಎಂದರು. ಕದಿರೇಶ ಆ ಮಾತಿಗೆ ಮಾತ್ರ ರೇಗಿದ.

“ಚೆನ್ನಾಗಿ ಸ್ಥಿಮಿತದಲ್ಲಿತ್ತು. ಎದ್ದು ಹೋಗೋವಾಗ, ಸಾಕ್ಷಿ ಹಾಕ್ದ ಅಂತ ಬದುವಿನ ಮೇಲಿನ ರಸಪುರಿ ಬಿಟ್ಕೊಡಲ್ಲ, ಅದು ನಂದೇ ಅಂತ ಹೊಂಗೆಮರಕ್ಕೆ ಹೇಳಿ ಹೋದ. ಬುದ್ಧಿ ಕೆಟ್ಟೋನು ಹಂಗಂತಾನಾ ಸ್ವಾಮಿ?”

ಕೋರ್ಟ್ ಹಾಲಿನಲ್ಲಿ ಎಲ್ಲರೂ ನಕ್ಕರು. ಜಡ್ಜ್ ಸಾಹೇಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಕಾಂತರಾಜ ಮಾತ್ರ ನಗಲಿಲ್ಲ, ತಲೆ ಬಗ್ಗಿಸಿ ಕೂತಿದ್ದ. ಶಾಮಲಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಗಂಗಾಳ ಕೈ ಹಿಡಿದುಕೊಂಡು ಎದ್ದು ಹೊರಗೆ ಬಂದಳು.

ಹೊರಗೆ ಕದಿರೇಶ ಒಬ್ಬನೇ ಬೇವಿನ ಮರದ ನೆರಳಿನಲ್ಲಿ ನಿಂತಿದ್ದ. ಶಾಮಲಮ್ಮ ಹತ್ತಿರ ಹೋದಳು. ಅವನು ಮುಖ ತಿರುಗಿಸಿದ. ಈ ಸಲ ಅವಳಿಗೆ ಹೊಟ್ಟೆ ಉರಿಯಲಿಲ್ಲ, ನಗು ಬಂತು. ಬೇವಿನ ಮರದ ಕಡೆ ತಿರುಗಿ, ಈ ಮನುಷ್ಯ ಬೆಳಿಗ್ಗೆಯಿಂದ ಏನೂ ತಿಂದ ಹಾಗಿಲ್ಲ, ನಮ್ಮ ಜೊತೆ ಊಟಕ್ಕೆ ಬರಲಿ ಅಂತ ಹೇಳಪ್ಪ ಎಂದಳು. ಮುದ್ದೆ ಸಿಗೋ ಕಡೆ ಆದರೆ ಬರ್ತೀನಿ ಅಂತ ಹೇಳು ಎಂದು ಅವನು ಅದೇ ಮರಕ್ಕೆ ಹೇಳಿದ.

ಹೋಟೆಲಿನಲ್ಲಿ ಕೂತು ಉಣ್ಣುತ್ತಿರುವಾಗ ಕಾಂತರಾಜನೂ ಬಂದ. ಬಾಗಿಲಲ್ಲೇ ನಿಂತಿದ್ದವನನ್ನು, ನಿಂತ್ಕೊಂಡು ಏನು ನೋಡ್ತೀಯ, ಕೂತ್ಕೋ ಎಂದು ಅಕ್ಕನೇ ಗದರಿದಳು. ಅವನು ಕೂತ. ಜಗಳ ಆಡಿದವನು ಅಣ್ಣನ ಮಾತು ಉಳಿಸಿದ, ತಮ್ಮನಾಗಿ ನಾನು ಅಣ್ಣನಿಗೆ ಬುದ್ಧಿ ಕೆಟ್ಟಿತ್ತು ಅಂತ ಹೇಳಿಸಿದೆ ಎಂದು ಮುದ್ದೆ ಮುರಿಯುತ್ತಾ ಕಣ್ಣೀರು ಹಾಕಿದ. ತಕರಾರು ವಾಪಸು ತೆಗೆದುಕೊಳ್ಳುವುದಾಗಿ ಲಾಯರಿಗೆ ಹೇಳಿಯೇ ಬಂದಿದ್ದ. ಗಂಗಾ ಎದ್ದು ಅವನ ತಟ್ಟೆಗೆ ಸಾರು ಬಿಟ್ಟಳು.

ಪ್ರೊಬೇಟ್ ಕೈಗೆ ಬಂದು, ಪಹಣಿಯಲ್ಲಿ ಗಂಗಾಳ ಹೆಸರು ಕೂರುವ ಹೊತ್ತಿಗೆ ಮಾವಿನ ಕಾಲ ಬಂದಿತ್ತು. ಶಾಮಲಮ್ಮ ಮೊದಲು ಕುರುಡುಮಲೆಗೆ ಹೋಗಿ ಹರಕೆ ತೀರಿಸಿ, ಅಲ್ಲಿಂದ ಬೈರಕೂರಿಗೆ ಬಂದಳು. ಕಾಗದಗಳನ್ನೆಲ್ಲ ಗಂಗಾಳ ಕೈಗಿಟ್ಟು, ತಗೋ ತಾಯಿ, ಇನ್ನು ನನ್ನ ಬಿಟ್ಟುಬಿಡು ಎಂದಳು. ಆಮೇಲೆ ಇಬ್ಬರೂ ತೋಟ ಸುತ್ತಿದರು.

ಬದುವಿನ ಹತ್ತಿರ ಬಂದಾಗ ಶಾಮಲಮ್ಮನಿಗೆ ಆಶ್ಚರ್ಯವಾಯಿತು. ರಸಪುರಿ ಮರದ ಕೆಳಗೆ ಈ ಕಡೆಯೂ ಆ ಕಡೆಯೂ ಹಣ್ಣು ಉದುರಿ ಬಿದ್ದು ಕೊಳೆಯುತ್ತಿತ್ತು. ಯಾರೂ ಆಯ್ದಿರಲಿಲ್ಲ. ದೊಡ್ಡಪ್ಪ ಹೋದಾಗಿನಿಂದ ಕದಿರೇಶ ಮಾವ ಈ ಮರದ ಹತ್ತಿರವೇ ಬರುವುದಿಲ್ಲ, ದೂರ ನಿಂತು ನೋಡಿ ಹೋಗುತ್ತಾರೆ ಎಂದಳು ಗಂಗಾ. ನೋಡಿದರೆ ಅವನು ಆ ಕಡೆ ಪಂಪ್‌ಸೆಟ್ ಮನೆಯ ಗೋಡೆಗೆ ಒರಗಿ ನಿಂತಿದ್ದ. ತುಂಬ ಮುದುಕನಾದಂತೆ ಕಂಡ. ಶಾಮಲಮ್ಮನಿಗೆ ಅವನ ಮೇಲೆ ಮರುಕ ಹುಟ್ಟಿತು. ಅಣ್ಣನನ್ನು ಕಳೆದುಕೊಂಡವರಲ್ಲಿ ಇವನೂ ಒಬ್ಬ ಎಂದು ಅವಳಿಗೆ ಇಷ್ಟು ದಿನ ತೋಚಿರಲಿಲ್ಲ.

ಗಂಗಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಮರದ ಮುಂದೆ ಹೋಗಿ ನಿಂತಳು.

“ಈ ಮರ ನಮ್ದು. ದೊಡ್ಡಪ್ಪ ನನಗೆ ಬರೆದಿಟ್ಟು ಹೋಗಿದ್ದಾರೆ. ಯಾರೂ ಕೈ ಹಾಕಂಗಿಲ್ಲ ಅಂತ ಹೇಳು” ಎಂದು ಆ ಕಡೆಗೆ ಕೇಳುವ ಹಾಗೆ ಹೇಳಿದಳು.

ಕದಿರೇಶ ಗೋಡೆ ಬಿಟ್ಟು ನೆಟ್ಟಗೆ ನಿಂತ. ಆಮೇಲೆ ಹೆಗಲ ಟವೆಲ್ಲು ಕೊಡವಿ, ದಾಪುಗಾಲು ಹಾಕುತ್ತಾ ಬದುವಿಗೆ ಬಂದು ಮರದ ಆ ಪಕ್ಕ ನಿಂತ.

“ನಮ್ಮಪ್ಪ ನೆಟ್ಟ ಮರ ಇದು ಅಂತ ಹೇಳು ಆ ಹುಡುಗಿಗೆ” ಎಂದ. “ಅವರ ದೊಡ್ಡಪ್ಪನಿಗೇ ಬಿಟ್ಕೊಟ್ಟಿಲ್ಲ, ಇವಳಿಗೆ ಬಿಟ್ಕೊಡ್ತೀನಾ ಅಂತ ಕೇಳು.” ಹಾಗೆನ್ನುತ್ತಲೇ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಗಂಗಾ ನಗುತ್ತಾ ಅಳುತ್ತಾ ಮರಕ್ಕೆ ಇನ್ನೇನೋ ಹೇಳುತ್ತಿದ್ದಳು.

ಅಣ್ಣನದೆಲ್ಲವನ್ನೂ ಸೇರಬೇಕಾದವರಿಗೆ ಸೇರಿಸಿದ್ದಾಯಿತು. ಶಾಮಲಮ್ಮ ಮರದ ಬುಡದಲ್ಲಿ ಕೂತು, ಕೈಗೆ ಸಿಕ್ಕಿದ ಒಂದು ಒಳ್ಳೆಯ ಹಣ್ಣನ್ನು, ಯಾರ ಕಡೆಯದು ಎಂದೂ ನೋಡದೆ, ಸೆರಗಿನಲ್ಲಿ ಒರೆಸಿ ಚೀಪತೊಡಗಿದಳು.