ಸುಸ್ತಾದವರು ಕೈ ಎತ್ತಿ

ಆ ಹುಡುಗಿಯರ ಸಾಫ್ಟ್‌ಬಾಲ್ ತಂಡದವರು ಹೆಡ್ ಕೋಚ್ ಆರಿಸುವ ರೀತಿ ಕೇಳಿದರೆ ಹೊರಗಿನವರಿಗೆ ನಗು ಬರುತ್ತದೆ. ಕೆಲಸ ಕೇಳಿಕೊಂಡು ಬಂದವರು ಹುಡುಗಿಯರಿಗೆ ಅರ್ಧ ಗಂಟೆ ಆಟ ಕಲಿಸಿ ತೋರಿಸಬೇಕು. ಅಪ್ಪ ಅಮ್ಮಂದಿರು ಬೆಂಚಿನ ಮೇಲೆ ಕೂತು ನೋಡಬೇಕು. ಆಮೇಲೆ ಎಲ್ಲರೂ ಮೈದಾನದ ಪಕ್ಕದ ಸಾಮಾನು ಕೋಣೆ ಸೇರಿದಾಗ, ಬಂದವರ ಎದುರಿಗೇ ಒಂದು ಪ್ರಶ್ನೆ: ಬೇಡ ಅನ್ನುವವರು ಯಾರು? ಒಂದೇ ಒಂದು ಕೈ ಮೇಲೆದ್ದರೂ ಆ ಮನುಷ್ಯ ವಾಪಸ್. ಆದರೆ ಕೈ ಎತ್ತಿದವರು ಸುಮ್ಮನೆ ಮನೆಗೆ ಹೋಗುವಂತಿಲ್ಲ. ಆ ಸೀಸನ್ ಮುಗಿಯುವವರೆಗೆ ತಂಡವನ್ನು ಅವರೇ ನಡೆಸಬೇಕು.

ಕಂಡದ್ದಕ್ಕೆಲ್ಲ ಕೊಂಕು ತೆಗೆಯುವ ತಂದೆಯೊಬ್ಬನ ಬಾಯಿ ಮುಚ್ಚಿಸಲು ಹಿಂದೆ ಯಾರೋ ಹೊಸೆದ ನಿಯಮ ಇದು. ಆತನ ಬಾಯಿ ಮುಚ್ಚಿತು ನಿಜ, ಜೊತೆಗೆ ಊರಿನವರದ್ದೆಲ್ಲ ಮುಚ್ಚಿಹೋಯಿತು. ಅಂದಿನಿಂದ ಒಂದು ಕೈಯೂ ಎದ್ದಿಲ್ಲ. ಮೊದಲ ಬೇಸ್ ಯಾವ ಕಡೆಗಿದೆ ಎಂದು ಹುಡುಗಿಯರನ್ನೇ ಕೇಳುತ್ತಿದ್ದ ಮಹಾನುಭಾವನೊಬ್ಬ ಎರಡು ಸೀಸನ್ ಹೆಡ್ ಕೋಚ್ ಆಗಿ ಮೆರೆದು ಹೋಗಿದ್ದಾನೆ. ಆಮೇಲೆ ಬಂದ ಟೀಚರಮ್ಮ ಒಳ್ಳೆಯವಳು. ಅವಳ ಮಂಡಿ ಕೈಕೊಟ್ಟಿತು, ಜಾಗ ಖಾಲಿಯಾಯಿತು.

ಕನ್ನಡಕದ ಅಂಗಡಿಯವಳಿಗೆ ಈ ನಿಯಮದಿಂದ ಏನೂ ತೊಂದರೆಯಿರಲಿಲ್ಲ. ದಿನವಿಡೀ ಗಾಜು ಉಜ್ಜಿ, ಫ್ರೇಮಿನ ಕಡ್ಡಿ ಬಿಸಿಮಾಡಿ, ಯಾರದೋ ಕಿವಿಯ ಹಿಂದಕ್ಕೆ ಬಗ್ಗಿಸುವುದು ಅವಳ ಕೆಲಸ. ಸಂಜೆ ಮಗಳನ್ನು ಮೈದಾನಕ್ಕೆ ಬಿಟ್ಟು ಬೆಂಚಿನ ತುದಿಯಲ್ಲಿ ಕೂರುವಳು. ತಾನೂ ಒಂದು ಕಾಲದಲ್ಲಿ ಸಾಫ್ಟ್‌ಬಾಲ್ ಆಡಿದ್ದೆ, ಅದೂ ಚೆಂಡೆಸೆಯುವ ಪಿಚರ್ ಆಗಿದ್ದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಮಗಳು ತಾನಾಗಿಯೇ ಚೆಂಡು ಹಿಡಿದು, ಕೈ ಕೆಳಗಿನಿಂದ ಬೀಸಿ ಎಸೆಯಲು ಶುರು ಮಾಡಿದಾಗ ತಾಯಿ ಮುಖ ಆಚೆ ತಿರುಗಿಸಿದ್ದಳು. ಆದರೂ ತಡೆಯಲಿಲ್ಲ. ಮಗಳ ಅಡ್ಡಹೆಸರು ಚಿನಕುರುಳಿ. ಅದನ್ನು ತಡೆಯುವವರು ಹುಟ್ಟಿಬರಬೇಕಿತ್ತು.

ಹೊಸಬರು ಬರುವ ದಿನ ಪಕ್ಕದಲ್ಲಿ ಕೂತಿದ್ದ ಬಸ್ ಡ್ರೈವರಣ್ಣ, ತಂಡದ ಕ್ಯಾಚರ್ ಹುಡುಗಿಯ ಅಪ್ಪ, ಖುಷಿಯಿಂದ ತೊಡೆ ತಟ್ಟಿಕೊಳ್ಳುತ್ತಿದ್ದ.

"ಅಕ್ಕ, ಈ ಸಲ ನಮ್ಮ ಅದೃಷ್ಟ ಖುಲಾಯಿಸ್ತು ಬಿಡಿ. ಬರ್ತಿರೋರು ದೊಡ್ಡ ಸರ್ ಅಂತೆ. ಹೋದಲ್ಲೆಲ್ಲ ಕಪ್ ತಂದಿದಾರಂತೆ. ಒಂದು ಕಂಪ್ಲೇಂಟ್ ಇಲ್ಲ. ಮಕ್ಕಳಿಗೆ ಬೈಯೋದೂ ಇಲ್ವಂತೆ!"

ದೊಡ್ಡ ಸರ್. ಅವಳ ಹಳೆಯ ಕೋಚನ್ನೂ ಹಾಗೇ ಕರೆಯುತ್ತಿದ್ದರು. ಆ ಹೆಸರಿನವರು ಬೇಕಾದಷ್ಟು ಜನ ಇರಬಹುದು ಎಂದುಕೊಂಡಳು. ಅಷ್ಟರಲ್ಲಿ ಗೇಟು ದಾಟಿ ಒಬ್ಬ ಒಳಗೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಡಿಗೆ ಮಾತ್ರ ಅದೇ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅವಸರವೇ ಇಲ್ಲದ ನಡಿಗೆ. ಮೂವತ್ತು ದಾಟಿ ಎಷ್ಟೋ ವರ್ಷಗಳಾಗಿದ್ದ ಹೆಂಗಸು, ಬೆಂಚಿನ ಮೇಲೆ ಗೊತ್ತಿಲ್ಲದೆಯೇ ಬೆನ್ನು ನೆಟ್ಟಗೆ ಮಾಡಿ ಕೂತಳು.

ಆತ ಸಾಲಾಗಿ ಎಲ್ಲರಿಗೂ ನಮಸ್ಕರಿಸುತ್ತ ಬಂದು ಅವಳ ಮುಂದೆ ಒಂದು ಕ್ಷಣ ನಿಂತ.

"ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ?"

"ಕನ್ನಡಕದ ಅಂಗಡೀಲಿ ಇರಬೇಕು ಸರ್," ಎಂದಳು. ತನ್ನ ದನಿ ತನಗೇ ಕೇಳಿಸಲಿಲ್ಲ.

"ಇರಬಹುದು, ಇರಬಹುದು," ಎಂದು ನಕ್ಕು ಮುಂದೆ ಹೋದ.

ಅವಳು ಇವನ ಕೈಕೆಳಗೆ ಆಡಿದ್ದು ಮಗಳಷ್ಟೇ ವಯಸ್ಸಿನಲ್ಲಿ. ಇವನು ಯಾರ ಮೈಮೇಲೂ ಕೈ ಮಾಡಿದವನಲ್ಲ, ಯಾರಿಗೂ ಕೆಟ್ಟ ಮಾತು ಆಡಿದವನಲ್ಲ. ದಿನವೂ ಅಭ್ಯಾಸದ ನಡುವೆ, ಮಕ್ಕಳ ಬಗ್ಗೆ ಕಾಳಜಿ ತುಂಬಿದ ದನಿಯಲ್ಲಿ, "ಸುಸ್ತಾದವರು ಕೈ ಎತ್ತಿ" ಎಂದು ಕೇಳುತ್ತಿದ್ದ, ಅಷ್ಟೇ. ಯಾರೂ ಎತ್ತುತ್ತಿರಲಿಲ್ಲ. ಒಂದು ದಿನ, ಭುಜ ಕಿತ್ತುಬರುವಷ್ಟು ನೋಯುತ್ತಿದ್ದಾಗ, ಅವಳು ಎತ್ತಿದ್ದಳು. "ಶಾಭಾಷ್, ನಿಜ ಹೇಳಿದೆ, ಬಾ ಇಲ್ಲಿ ನೆರಳಲ್ಲಿ ಕೂತ್ಕೋ," ಎಂದು ಕೂರಿಸಿ, ಕೈಗೆ ನೀರು ಕೊಟ್ಟು, ಉಳಿದವರನ್ನು ಮೈದಾನದ ಸುತ್ತ ಓಡಿಸಿದ್ದ. ಒಬ್ಬಳು ವಾಂತಿ ಮಾಡಿಕೊಳ್ಳುವವರೆಗೆ ಓಡಿಸಿದ್ದ. ಅವಳಿಗೆ ಅದನ್ನು ನೋಡುತ್ತ ಕೂರುವ ಕೆಲಸ. ಮಾರನೆಯ ದಿನದಿಂದ ತಂಡದಲ್ಲಿ ಅವಳ ಜೊತೆ ಮಾತಾಡಲು ಯಾರೂ ಇರಲಿಲ್ಲ. ಜೀವದ ಗೆಳತಿಯೂ ಮುಖ ತಿರುಗಿಸಿದಳು. ಅವಳು ಮತ್ತೆಂದೂ ಕೈ ಎತ್ತಲಿಲ್ಲ. ಭುಜ ಹಾಳಾಗುವವರೆಗೆ ಎಸೆದಳು, ಹಾಳಾದ ಮೇಲೆ ಆಟ ಬಿಟ್ಟಳು. ಅದನ್ನೆಲ್ಲ ಈಗ ಯಾರಿಗೆ ಹೇಗೆ ಹೇಳುವುದು? 'ಆ ಮನುಷ್ಯ ನಮ್ಮನ್ನ ಸುಸ್ತಾಯ್ತಾ ಅಂತ ಕೇಳ್ತಿದ್ದ' ಎಂದರೆ ಜನ ಇವಳನ್ನೇ ವಿಚಿತ್ರವಾಗಿ ನೋಡುತ್ತಾರೆ.

ಮೈದಾನದಲ್ಲಿ ಅಭ್ಯಾಸ ಶುರುವಾಗಿತ್ತು. ಕಲಿಸುವುದರಲ್ಲಿ ಆತನನ್ನು ಬಿಟ್ಟರಿಲ್ಲ, ಅದೂ ನಿಜ. ನೆಲಕ್ಕೆ ಬಿದ್ದು ಬರುವ ಚೆಂಡಿಗೆ ಗ್ಲೌಸ್ ಎಷ್ಟು ಬಗ್ಗಿಸಬೇಕು, ಎಸೆಯುವಾಗ ಮಣಿಕಟ್ಟು ಎಲ್ಲಿ ತಿರುಗಬೇಕು ಎಂದು ಒಬ್ಬೊಬ್ಬಳಿಗೂ ತೋರಿಸಿದ. ಹುಡುಗಿಯರ ಮುಖ ಅರಳಿತು. ಬೆಂಚಿನ ಮೇಲಿನವರು ತಲೆದೂಗಿದರು. ಅವಳೊಬ್ಬಳು ಮಾತ್ರ ಜೀವ ಬಿಗಿಹಿಡಿದು ಕೂತಿದ್ದಳು. ಇನ್ನೇನು ಕೇಳುತ್ತಾನೆ. ಈಗ ಕೇಳುತ್ತಾನೆ. ಇವತ್ತೊಂದು ದಿನ ಕೇಳದಿರಲಿ.

"ಎಲ್ಲರೂ ಬನ್ನಿ ಮಕ್ಕಳೇ. ಸುಸ್ತಾದವರು ಕೈ ಎತ್ತಿ."

ಎತ್ತಬೇಡ ಕಣೇ ಎಂದು ಕೂಗಬೇಕೆನಿಸಿತು. ಆ ಚಿನಕುರುಳಿಗೆ ಹಿಂದೆಮುಂದೆ ಏನು ಗೊತ್ತು? ಟೀಚರಮ್ಮ ಕೇಳಿದಾಗಲೆಲ್ಲ ಎತ್ತಿದಂತೆ ಈಗಲೂ ಪಟ್ಟನೆ ಎತ್ತಿಬಿಟ್ಟಳು. ಕೈ ಎತ್ತಿ, ಹಲ್ಲು ಕಿರಿದು, ಅತ್ತಿತ್ತ ನೋಡಿದಳು. ಬೇರೆ ಯಾರೂ ಎತ್ತಿರಲಿಲ್ಲ.

"ಶಾಭಾಷ್, ನಿಜ ಹೇಳಿದೆ. ಬಾ, ಇಲ್ಲಿ ಕೂತ್ಕೋ. ಉಳಿದವರು ಓಡಿ."

ಹುಡುಗಿಯರು ಓಡಿದರು. ಮೊದಲ ಸುತ್ತಿನಲ್ಲಿ ನಗುತ್ತ ಓಡಿದರು, ಎರಡನೆಯದರಲ್ಲಿ ನಗು ನಿಂತಿತು. ಆಮೇಲಿನ ಪ್ರತಿ ಸುತ್ತಿನಲ್ಲೂ, ನೆರಳಿನಲ್ಲಿ ನೀರಿನ ಬಾಟಲಿ ಹಿಡಿದು ಕೂತವಳ ಮುಂದೆ ಹಾಯುವಾಗ ಅವರು ನೋಡಿದ ನೋಟ ತಾಯಿಗೆ ಚೆನ್ನಾಗಿ ಗೊತ್ತಿತ್ತು. ಮಗಳು ಬಾಟಲಿಯ ಮುಚ್ಚಳ ತೆಗೆಯಲೇ ಇಲ್ಲ.

"ಡಿಸಿಪ್ಲಿನ್ ಅಂದ್ರೆ ಇದು," ಎಂದ ಬಸ್ ಡ್ರೈವರಣ್ಣ. "ನಿಮ್ಮ ಮಗಳಿಗೇನಕ್ಕ, ಆರಾಮ್ ಸಿಕ್ತು!"

ಸಾಮಾನು ಕೋಣೆಯಲ್ಲಿ ಬ್ಯಾಟುಗಳು, ಹೆಲ್ಮೆಟ್ಟುಗಳು, ಬೆವರಿನ ವಾಸನೆ. ಎಲ್ಲರೂ ಗೋಡೆಗೊರಗಿ ನಿಂತರು. ದೊಡ್ಡ ಸರ್ ಬಾಗಿಲ ಬಳಿ, ಕೈ ಹಿಂದೆ ಕಟ್ಟಿಕೊಂಡು, ನಗುಮುಖದಿಂದ ನಿಂತಿದ್ದ. ತಂಡದ ಹಿರಿತನ ವಹಿಸಿದ್ದ ಹಲ್ಲಿನ ಡಾಕ್ಟರಮ್ಮನಿಗೆ ಕ್ಲಿನಿಕ್ಕಿಗೆ ಹೋಗುವ ಆತುರ.

"ನಾಡಿದ್ದರೊಳಗೆ ಲೀಗ್‌ಗೆ ಕೋಚ್ ಹೆಸರು ಕೊಡದಿದ್ರೆ ನಮ್ಮ ಹುಡುಗೀರು ಈ ವರ್ಷ ಮನೇಲಿ ಕೂರಬೇಕಾಗುತ್ತೆ. ಅದು ಎಲ್ಲರಿಗೂ ಗೊತ್ತಿದೆ. ಸರಿ, ಶಾಸ್ತ್ರಕ್ಕೆ ಕೇಳ್ತೀನಿ. ಬೇಡ ಅನ್ನೋರು ಕೈ ಎತ್ತಿ."

ಕೈ ಎತ್ತಿ. ಅವಳ ಬಲಗೈ ಸೊಂಟದ ಪಕ್ಕದಲ್ಲಿ ತೂಗುತ್ತಿತ್ತು. ಏಳು ಎಂದಳು ಮನಸ್ಸಿನಲ್ಲಿ. ಅದು ತನ್ನದೇ ಅಲ್ಲವೆಂಬಂತೆ ಬಿದ್ದುಕೊಂಡಿತ್ತು. ಎತ್ತಿದರೆ ಏನಾಗುತ್ತದೆಂದು ಅದಕ್ಕೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ತಾನೊಬ್ಬಳು ಎತ್ತಿದರೆ ಉಳಿದವರೆಲ್ಲ ಬೆಲೆ ತೆರಬೇಕು. ಕಪ್ ಗೆಲ್ಲುವ ಕೋಚ್ ಹೋಗಿ, ಚೆಂಡು ಮುಟ್ಟಿ ಯುಗವಾದ ಕನ್ನಡಕದ ಅಂಗಡಿಯವಳ ಕೈಗೆ ಅವರ ಮಕ್ಕಳು ಸಿಕ್ಕಬೇಕು. ಬಿಡು, ಮಗಳನ್ನು ಈ ತಂಡದಿಂದಲೇ ಬಿಡಿಸಿದರಾಯಿತು ಎಂದುಕೊಂಡಳು. ಆಮೇಲೆ, ಉಳಿದ ಹುಡುಗಿಯರು?

"ಯಾರೂ ಇಲ್ಲ. ಹಾಗಾದ್ರೆ..." ಡಾಕ್ಟರಮ್ಮ ಬ್ಯಾಗು ಹೆಗಲಿಗೇರಿಸಿದಳು.

ಕಿಟಕಿಯಾಚೆ ನಲ್ಲಿಯ ಹತ್ತಿರ ಹುಡುಗಿಯರು ಗುಂಪಾಗಿ ನಿಂತು ಮುಖ ತೊಳೆಯುತ್ತಿದ್ದರು. ಮಗಳು ಬಾಟಲಿ ಹಿಡಿದು ಹೋಗಿ ಕ್ಯಾಚರ್ ಹುಡುಗಿಯ ಮುಂದೆ ಚಾಚಿದಳು. ಆ ಹುಡುಗಿ ಅದನ್ನು ನೋಡದೆ ಪಕ್ಕಕ್ಕೆ ಸರಿದಳು.

ಅವಳು ಎಡಗೈಯಿಂದ ಬಲಗೈಯ ಮೊಣಕೈ ಹಿಡಿದು, ಮಣಭಾರದ ಸಾಮಾನನ್ನು ಎತ್ತುವಂತೆ, ಅದನ್ನು ಮೇಲೆತ್ತಿದಳು.

"ಅಕ್ಕ, ಕೈ ಇಳಿಸಿ, ನಿಯಮ ಮರೆತ್ರಾ?" ಎಂದು ಬಸ್ ಡ್ರೈವರಣ್ಣ ಪಿಸುಗುಟ್ಟಿದ. ಡಾಕ್ಟರಮ್ಮನಿಗೆ ಸಿಟ್ಟೇ ಬಂತು.

"ಏನ್ರೀ ಇದು? ಕಾರಣ ಏನು? ನೀವು ಯಾವತ್ತಾದ್ರೂ ಬ್ಯಾಟ್ ಹಿಡಿದಿದೀರಾ?"

"ಇವರ ಹತ್ರಾನೇ ಆಡಿದೀನಿ," ಎಂದಳು. ಅದಕ್ಕಿಂತ ಹೆಚ್ಚು ಬಾಯಿಂದ ಹೊರಡಲಿಲ್ಲ.

ದೊಡ್ಡ ಸರ್ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ. ಮುಖದ ನಗು ಹಾಗೇ ಇತ್ತು. 'ನೀವು' ಮಾತ್ರ ಹೋಗಿತ್ತು.

"ಓಹೋ. ನೀನಾ! ಆವತ್ತೂ ನೀನೇ ಅಲ್ವಾ ಎತ್ತಿದ್ದು." ಬಾಗಿಲು ತೆರೆದು, ಹೊರಗಿದ್ದ ಹುಡುಗಿಯರ ಕಡೆ ಒಮ್ಮೆ ಕಣ್ಣು ಹಾಯಿಸಿದ. "ಈ ಸಲ ಯಾರು ಓಡ್ತಾರೋ ನೋಡೋಣ." ಅವಸರವಿಲ್ಲದೆ ನಡೆದು ಹೋದ.

ಆ ಮಾತು ಅವಳ ಬೆನ್ನು ಹತ್ತಿತು. ಮನೆಯಲ್ಲಿ, ಅಂಗಡಿಯಲ್ಲಿ, ಗಾಜು ಉಜ್ಜುವ ಯಂತ್ರದ ಸದ್ದಿನಲ್ಲೂ ಅದೇ. ಇಬ್ಬರು ತಂದೆಯರು ಮಕ್ಕಳನ್ನು ಬೇರೆ ತಂಡಕ್ಕೆ ಸೇರಿಸುವ ಮಾತಾಡಿದರು. ಡಾಕ್ಟರಮ್ಮ ಎದುರಿಗೆ ಸಿಕ್ಕರೂ ಮಾತಾಡಿಸಲಿಲ್ಲ. ಮಗಳು ಊಟದ ಹೊತ್ತಿಗೆ ತಟ್ಟೆ ನೋಡುತ್ತ, "ಅಮ್ಮ, ನೀನೇ ಯಾಕೆ ಎತ್ತಬೇಕಿತ್ತು? ಎಲ್ಲರೂ ನಮ್ಮನ್ನೇ ನೋಡ್ತಾರೆ," ಎಂದು ಸುಮ್ಮನಾದಳು. ಚಿನಕುರುಳಿ ಅಷ್ಟಕ್ಕೇ ಸುಮ್ಮನಾದದ್ದು ತಾಯಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಕೋಚ್ ಆದ ಮೇಲಿನ ಮೊದಲ ಅಭ್ಯಾಸದ ಸಂಜೆ ಅವಳು ಬೇಸುಗಳನ್ನು ತಾನೇ ಹೊತ್ತು ಹಾಕಿದಳು. ಬಸ್ ಡ್ರೈವರಣ್ಣ ಗೊಣಗುತ್ತಲೇ ಬ್ಯಾಟಿನ ಚೀಲ ತಂದಿಟ್ಟ. ಬೆಂಚಿನ ಮೇಲಿನ ಕಣ್ಣುಗಳೆಲ್ಲ ಬೆನ್ನಿಗೆ ಚುಚ್ಚುತ್ತಿದ್ದವು. ಹುಡುಗಿಯರಿಗೆ ಚೆಂಡು ಎಸೆದು ತೋರಿಸಿದಳು, ಭುಜ ಚುಳುಕ್ ಎಂದಿತು. ಹೇಗೋ ನಡೆಯಿತು. ಬಿಸಿಲಿತ್ತು, ಹುಡುಗಿಯರ ಮುಖ ಕೆಂಪಾಗಿತ್ತು, ಕ್ಯಾಚರ್ ಹುಡುಗಿ ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದಳು. ಪಾಪ, ಸ್ವಲ್ಪ ಕೂರಲಿ ಎಂದು ಅವಳು ಬಾಯಿ ತೆರೆದಳು.

"ಸುಸ್ತಾದವರು ಕೈ ಎತ್ತಿ."

ಹೇಳಿದ ಮೇಲೆ ಅವಳಿಗೇ ಅದು ಕೇಳಿಸಿತು. ಅವನದೇ ಮಾತು, ಅವನದೇ ಮೆತ್ತನೆಯ ದನಿ. ಕೋಚ್ ಆದವರು ಆಡುವ ಮಾತೆಂದು ಅವಳೊಳಗೆ ಉಳಿದಿದ್ದು ಅದೊಂದೇ.

ಹುಡುಗಿಯರು ಸೆಟೆದು ನಿಂತರು. ಕ್ಯಾಚರ್ ಹುಡುಗಿ ಮಂಡಿಯಿಂದ ಕೈ ತೆಗೆದು ಉಸಿರು ಬಿಗಿಹಿಡಿದಳು. ಒಂದು ಕೈಯೂ ಏಳಲಿಲ್ಲ. ಮಗಳು ಎರಡೂ ಕೈಗಳನ್ನು ಗ್ಲೌಸಿನೊಳಗೆ ತುರುಕಿ, ನೆಲ ನೋಡುತ್ತ ನಿಂತಿದ್ದಳು. ಒಂದೇ ಒಂದು ಅರ್ಧ ಗಂಟೆ ಬಂದುಹೋಗಿದ್ದ ಆ ಮನುಷ್ಯ. ಅಷ್ಟು ಸಾಕಾಗಿತ್ತು.

ಇಲ್ಲ, ನಾನು ಓಡಿಸಲ್ಲ ಎಂದು ಹೇಳಬಹುದಿತ್ತು. ಆದರೆ ಹುಡುಗಿಯರು ಅದನ್ನು ನಂಬುವುದು ಹೇಗೆ? ಅವನೂ ಎಂದೂ ಓಡಿಸುತ್ತೇನೆಂದು ಮೊದಲೇ ಹೇಳಿದವನಲ್ಲ. ಅವಳು ತನ್ನ ಬಲಗೈ ಎತ್ತಿದಳು.

"ನನಗೆ ಸುಸ್ತಾಗಿದೆ," ಎಂದು ಅಲ್ಲೇ ಮಣ್ಣಿನಲ್ಲಿ ಕೂತಳು. "ಭುಜ ತುಂಬಾ ನೋಯ್ತಿದೆ ಮಕ್ಕಳೇ."

ಯಾರೂ ಅಲುಗಲಿಲ್ಲ. ಬೆಂಚಿನ ಮೇಲೆ ಯಾರೋ ನಕ್ಕರು. ಎತ್ತಿದ ಕೈ ಸೋಲತೊಡಗಿತು, ಆದರೂ ಇಳಿಸಲು ಅವಳಿಗೆ ಧೈರ್ಯವಾಗಲಿಲ್ಲ. ಮಗಳು ತಲೆಯೆತ್ತಿ ಮೊದಲು ಗೆಳತಿಯರನ್ನು ನೋಡಿದಳು, ಬೆಂಚನ್ನು ನೋಡಿದಳು, ಕೊನೆಗೆ ಅಮ್ಮನನ್ನು ನೋಡಿದಳು. ಗ್ಲೌಸಿನಿಂದ ಒಂದು ಕೈ ಹೊರಗೆ ಬಂತು. ಅದು ಸೊಂಟದವರೆಗೆ ಎದ್ದು, ಅಲ್ಲೇ ನಿಂತಿತು.