ಕಂಡೆಯಾ, ಕೇಳಿದೆಯಾ

ಐದು ಜನ ಹೌದು ಅಂದರು. ಪಂಪಿನವನು ಹೊರಗೆ ಬಂದಾಯಿತು, ಸುರಂಗ ಖಾಲಿ, ಒತ್ತಬಹುದು ಅಂತ ಐದಕ್ಕೆ ಐದೂ ಜನ ವಾಕಿಟಾಕಿಯಲ್ಲಿ ಹೇಳಿದರು. ಸಿಡಿಸುವ ಪೆಟ್ಟಿಗೆ ನನ್ನ ಮುಂದಿತ್ತು, ಅದರ ಕೀ ನನ್ನ ಕೈಯಲ್ಲಿತ್ತು; ಕೀ ತಿರುಗಿಸಿ ಗುಂಡಿ ಒತ್ತಿದರೆ ಬಂಡೆ ಸಿಡಿಯುತ್ತದೆ. ಪಂಪಿನವನು ಅಂದರೆ ನನ್ನ ಒಡಹುಟ್ಟಿದ ತಮ್ಮ.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಡೀ ಸೈಟಿಗೆ ಗೊತ್ತು. ಇರಲಿ ಬಿಡಿ. ಇಪ್ಪತ್ತೆರಡು ವರ್ಷದಿಂದ ಬಂಡೆ ಸಿಡಿಸುತ್ತಿದ್ದೇನೆ, ನನ್ನ ಹತ್ತು ಬೆರಳೂ ಜಾಗದಲ್ಲೇ ಇವೆ, ನನ್ನ ಕೈಕೆಳಗೆ ಒಬ್ಬನ ಉಗುರೂ ಮುರಿದಿಲ್ಲ. ಅದಕ್ಕೆ ಕಾರಣ ನನ್ನ ಜಾಣತನವಲ್ಲ, ಹಳೆಯ ಪದ್ಧತಿ. ಸಿಡಿಸುವ ಮೊದಲು ಕೆಲಸದವರು ಒಬ್ಬೊಬ್ಬರಾಗಿ ನನ್ನ ಮರೆಗೋಡೆಯ ಹಿಂದೆ ಬರಬೇಕಿತ್ತು. ಒಳಗೆ ಯಾರನ್ನು ಕೊನೆಗೆ ನೋಡಿದೆ, ಎಲ್ಲಿ ನೋಡಿದೆ ಎಂದು ಇನ್ನೊಬ್ಬರ ಕಿವಿಗೆ ಬೀಳದ ಹಾಗೆ ಹೇಳಬೇಕಿತ್ತು. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದೆ: ಕಂಡೆಯಾ, ಕೇಳಿದೆಯಾ? ತಾನೇ ಕಣ್ಣಾರೆ ನೋಡಿದ್ದರೆ ಕಂಡೆ ಅನ್ನಬೇಕು. ಬೇರೆಯವರು ಹೇಳಿದ್ದಾದರೆ ಕೇಳಿದೆ ಅನ್ನಬೇಕು. ಕೇಳಿದ್ದನ್ನು ನಾನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಇಬ್ಬರಾದರೂ ಕಂಡೆ ಅನ್ನುವವರೆಗೆ ಕೀ ನನ್ನ ಸೊಂಟದಿಂದ ಆಚೆ ಬರುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಹೊಸ ಎಂಜಿನಿಯರ್ ಬಂದ. ಮಾತೆತ್ತಿದರೆ ನಿಯಮದ ಪುಸ್ತಕ ತೆಗೆಯುತ್ತಿದ್ದ, ಅದಕ್ಕೇ ನಾವು ಅವನಿಗೆ 'ಪುಸ್ತಕ' ಎಂದೇ ಹೆಸರಿಟ್ಟೆವು. ಹುಡುಗ ಕೆಟ್ಟವನೇನಲ್ಲ.

"ಅಕ್ಕಾ, ಒಬ್ಬೊಬ್ಬರೇ ನಡ್ಕೊಂಡು ಬಂದು ಹೇಳೋಕೆ ಇಪ್ಪತ್ತು ನಿಮಿಷ ಹೋಗ್ತಿದೆ. ಮೇಲಿನ ರಸ್ತೆ ಮುಚ್ಚೋಕೆ ನಮಗೆ ಸಿಗೋದೇ ಹತ್ತು ನಿಮಿಷ. ಎಲ್ಲರಿಗೂ ಒಂದೊಂದು ವಾಕಿಟಾಕಿ ಸೆಟ್ ಕೊಡಿಸ್ತೀನಿ. ಎಲ್ಲರೂ ಒಂದೇ ಚಾನೆಲ್ಲಲ್ಲಿ ಇರಲಿ. ಒಬ್ಬರು ಹೇಳಿದ್ದು ಎಲ್ಲರಿಗೂ ಕೇಳತ್ತೆ, ಎರಡು ನಿಮಿಷದಲ್ಲಿ ಕೆಲಸ ಮುಗಿಯತ್ತೆ" ಅಂದ.

ನಾನು ಬೇಡ ಅನ್ನಲಿಲ್ಲ. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು. ಇಪ್ಪತ್ತು ನಿಮಿಷ ನಿಂತುಕೊಂಡು ಒಬ್ಬೊಬ್ಬರ ರಾಮಾಯಣ ಕೇಳುವುದು ತಪ್ಪಿತಲ್ಲ, ನೋಯುವ ಮೊಣಕಾಲಿಗೆ ಆರಾಮ ಸಿಕ್ಕಿತಲ್ಲ ಅಂದುಕೊಂಡೆ. ಆರು ಸೆಟ್ ಬಂದವು. ನನಗೊಂದು, ಪುಸ್ತಕಕ್ಕೊಂದು, ಡ್ರಿಲ್ ಮೇಸ್ತ್ರಿಗೊಂದು, ಲೋಡರ್ ಡ್ರೈವರಿಗೊಂದು, ಸುರಂಗಕ್ಕೆ ಗಾಳಿ ಊದುವ ದೊಡ್ಡ ಫ್ಯಾನನ್ನು ನೋಡಿಕೊಳ್ಳುವ ಗಾಳಿಯಕ್ಕನಿಗೊಂದು, ಗೇಟು ಕಾಯುವ ತಾತನಿಗೊಂದು. ತಮ್ಮನಿಗೆ ಸಿಗಲಿಲ್ಲ. ಸುರಂಗದ ತಿರುವು ದಾಟಿದರೆ ಸೆಟ್ ಹೇಗೂ ಹಿಡಿಯುವುದಿಲ್ಲ, ಅವನಿಗೆ ಯಾಕೆ ಅಂದರು. ಅದಕ್ಕೂ ನಾನು ತಲೆಯಾಡಿಸಿದೆ.

ತಮ್ಮನ ಕೆಲಸ ತಿರುವಿನ ಆಚೆ. ಅಲ್ಲಿ ಗೋಡೆಯಲ್ಲಿ ಕೊರೆದ ಒಂದು ಗೂಡಿದೆ, ಅದರಲ್ಲಿ ಪಂಪು. ಒಸರುವ ನೀರನ್ನು ಎಳೆದು ಹೊರಗೆ ಹಾಕುವುದು, ಸಿಡಿಸುವ ಮೊದಲು ಪೈಪು ಬಿಚ್ಚಿಕೊಂಡು ಎಲ್ಲರಿಗಿಂತ ಕೊನೆಗೆ ಹೊರಗೆ ಬರುವುದು. ಮದ್ದು ತುಂಬಿದ ಬಂಡೆಗೂ ಆ ಗೂಡಿಗೂ ಎಂಬತ್ತು ಹೆಜ್ಜೆ. ಸಿಡಿದಾಗ ಅಲ್ಲಿ ಇದ್ದವನು ಉಳಿಯುವ ಪ್ರಶ್ನೆಯೇ ಇಲ್ಲ.

ಆ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಮೇಲಿನ ರಸ್ತೆ ಮುಚ್ಚಿದರು. ಸೈರನ್ ಆಯಿತು. ಫ್ಯಾನು ಭೋರ್ ಎಂದು ಊದುತ್ತಿತ್ತು, ಅದರ ಸದ್ದಿನಲ್ಲಿ ಪಕ್ಕದವರು ಬಾಯಿಬಡಿದುಕೊಂಡರೂ ಕೇಳುವುದಿಲ್ಲ. ನಾನು ಸೆಟ್ಟನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕೇಳಿದೆ.

"ಪಂಪಿನವನು ಬಂದ್ನಾ?"

ಗರಗರ ಸದ್ದಿನ ನಡುವೆ ಮೊದಲು ಡ್ರೈವರ್ ಸಿಕ್ಕ. "ಬಂದ ಅಕ್ಕ. ಪೈಪು ಹೆಗಲ ಮೇಲೆ ಹಾಕ್ಕೊಂಡು ಬಂದ."

"ಬಂದ, ಪೈಪು ಹೆಗಲ ಮೇಲೆ ಹಾಕ್ಕೊಂಡು" ಎಂದ ಮೇಸ್ತ್ರಿ.

"ಹೌದಕ್ಕ, ಬಂದಾಯ್ತು" ಅಂದಳು ಗಾಳಿಯಕ್ಕ.

"ಪಂಪಿನವರು ಪೈಪು ಹೆಗಲ ಮೇಲೆ ಹಾಕ್ಕೊಂಡು ಬಂದಿದ್ದಾರೆ. ಓಕೆ" ಅಂದ ಪುಸ್ತಕ.

"ಹೆಗಲ ಮೇಲೆ ಪೈಪು ಹಾಕ್ಕೊಂಡು ಬಂದ್ನಂತೆ ಕಣಮ್ಮ, ಒತ್ತು" ಅಂದ ಗೇಟಿನ ತಾತ.

ಕೀಯನ್ನು ಪೆಟ್ಟಿಗೆಗೆ ಹಾಕಿದೆ. ಅರ್ಧ ತಿರುಗಿಸಿಯೂ ಆಗಿತ್ತು. ಆಮೇಲೆ ಕೈ ನಿಂತಿತು. ಯಾಕೆ ನಿಂತಿತು ಎಂದು ನನಗೇ ತಕ್ಷಣ ತಿಳಿಯಲಿಲ್ಲ.

ಹಳೆಯ ಪದ್ಧತಿ ಇದ್ದಾಗ ಐದು ಜನ ಬಂದರೆ ಐದು ಥರ ಹೇಳುತ್ತಿದ್ದರು. ಒಬ್ಬ, ನಿನ್ನ ತಮ್ಮ ನಲ್ಲಿ ಹತ್ತಿರ ಕಾಲು ತೊಳೀತಿದ್ದ ಅನ್ನುತ್ತಿದ್ದ. ಇನ್ನೊಬ್ಬ, ನನ್ನ ಹತ್ತಿರ ಬೆಂಕಿಪೊಟ್ಟಣ ಕೇಳಿದ ಅನ್ನುತ್ತಿದ್ದ. ಗಾಳಿಯಕ್ಕನಂತೂ ಅವನು ಸೀನಿದ್ದನ್ನೂ ಬಿಡುತ್ತಿರಲಿಲ್ಲ. ಇವತ್ತು ಎಲ್ಲರ ಬಾಯಲ್ಲೂ ಹೆಗಲು, ಪೈಪು. ಅದೂ ಅಲ್ಲದೆ, ಗೇಟಿನ ತಾತ ಕೂರುವ ಜಾಗದಿಂದ ಸುರಂಗದ ಬಾಯಿ ಕಾಣುವುದೇ ಇಲ್ಲ, ನಡುವೆ ಕಲ್ಲಿನ ಗುಡ್ಡೆ ಇದೆ. ಹಾಗಾದರೆ ಮುದುಕ ನೋಡಿದ್ದೇನು?

ಕೀಯನ್ನು ಹೊರಗೆಳೆದೆ.

"ತಾತ, ಕಂಡೆಯಾ, ಕೇಳಿದೆಯಾ?"

"ಕೇಳಿದೆ ಕಣಮ್ಮ. ಎಂಜಿನಿಯರ್ ಸಾಹೇಬ್ರು ಹೇಳಿದ್ರಲ್ಲ."

"ಅಕ್ಕಾ, ರಸ್ತೆ ಮುಚ್ಚಿ ನಾಲ್ಕು ನಿಮಿಷ ಆಯ್ತು" ಎಂದು ಪುಸ್ತಕ ನಡುವೆ ಬಾಯಿ ಹಾಕಿದ. "ಮೇಲೆ ಬಸ್ಸುಗಳು ನಿಂತಿವೆ. ಒಳಗೆ ನೀರು ಏರ್ತಿದೆ, ಮದ್ದು ನೆನೆದ್ರೆ ಅರ್ಧ ಸಿಡಿದು ಅರ್ಧ ಹಾಗೇ ಉಳಿಯತ್ತೆ. ಆಮೇಲೆ ಅದನ್ನ ತೆಗೆಯೋಕೆ ಯಾರು ಹೋಗ್ತಾರೆ?"

ಅವನು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಸಿಡಿಯದೆ ಉಳಿದ ಮದ್ದು ತೆಗೆಯಲು ಹೋಗಿ ಸತ್ತವರನ್ನು ನಾನು ನೋಡಿದ್ದೇನೆ.

"ನಾನೇ ಹೋಗ್ತೀನಿ, ನಿಮಗ್ಯಾಕೆ ಆ ಚಿಂತೆ? ಕೇಳಿದ್ದಕ್ಕೆ ಉತ್ತರ ಹೇಳಿ. ಕಂಡ್ರಾ, ಕೇಳಿದ್ರಾ?"

"ಮೇಸ್ತ್ರಿ ಹೇಳಿದ್ರು."

"ಮೇಸ್ತ್ರಿ?"

"ಡ್ರೈವರ್ ಅಂದ್ನಲ್ಲಕ್ಕ, ಚಾನೆಲ್ಲಲ್ಲಿ ನೀನೂ ಕೇಳಿದ್ಯಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದೊಡ್ಡ ಗಂಡಸರು, ತಲೆಗೊಂದು ಹೆಲ್ಮೆಟ್ಟು, ಕೈಗೊಂದು ಸೆಟ್ಟು, ಒಬ್ಬನಾದರೂ ಕಣ್ಣು ಬಿಟ್ಟು ನೋಡಿದ್ದಾನೆಯೇ? ಮೊದಲು ಈ ಗಾಳಿಮಾತು ಹೊರಡಿಸಿದವನು ಸಿಕ್ಕರೆ ಅವನ ಹಲ್ಲು ಉದುರಿಸುತ್ತೇನೆ ಎಂದು ಸೆಟ್ಟಿನಲ್ಲೇ ಕೂಗಿದೆ. ಅದು ಎಲ್ಲರಿಗೂ ಕೇಳಿತು. ಕೇಳಲಿ ಎಂದೇ ಕೂಗಿದ್ದು.

"ಡ್ರೈವರ್! ನೀನಾದ್ರೂ ಕಂಡ್ಯೇನಪ್ಪ?"

"ನಾನು ಲೋಡರ್ ತಿರುಗಿಸ್ತಿದ್ದೆ ಅಕ್ಕ. ಗಾಳಿಯಕ್ಕ ಬಂದು ಹೇಳಿದ್ಲು, ಪೈಪು ಹೆಗಲ ಮೇಲೆ ಹಾಕ್ಕೊಂಡು ಬಂದ ಅಂತ."

ಗಾಳಿಯಕ್ಕನ ಶೆಡ್ಡು ನನ್ನ ಮರೆಗೋಡೆಯಿಂದ ಇಪ್ಪತ್ತು ಹೆಜ್ಜೆ. ಸೆಟ್ಟಿನಲ್ಲಿ ಕೇಳುವ ತಾಳ್ಮೆ ಉಳಿದಿರಲಿಲ್ಲ. ಕುಂಟಿಕೊಂಡೇ ಓಡಿ ಅವಳ ಕಿವಿಯ ಹತ್ತಿರ ಬಾಯಿಟ್ಟು ಅರಚಿದೆ.

"ನಿನಗ್ಯಾರೇ ಹೇಳಿದ್ದು?"

ಅವಳು ನನ್ನ ಮುಖವನ್ನೇ ಪಿಳಿಪಿಳಿ ನೋಡಿದಳು. ಅವಳ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಇನ್ನೊಂದು ಸಲ ಕೂಗಿದಳು.

"ನೀನೇ ಹೇಳಿದ್ಯಲ್ಲಕ್ಕ!"

ಹೌದು, ಹೇಳಿದ್ದೆ. ಹನ್ನೆರಡು ಗಂಟೆ ದಾಟಿದ ಮೇಲೆ ನಾನು ಬಗ್ಗಿಕೊಂಡು ತಂತಿಗಳನ್ನು ಮೀಟರಿನಲ್ಲಿ ಪರೀಕ್ಷೆ ಮಾಡುತ್ತಿದ್ದೆ. ಇವಳು ನೀರು ತಂದುಕೊಟ್ಟು, ತಮ್ಮ ಬಂದ್ನಾ ಎಂದು ಕೇಳಿದ್ದಳು. ನಾನು ತಲೆ ಎತ್ತಿ ನೋಡಿದೆ. ಸುರಂಗದ ಬಾಯಲ್ಲಿ ದೂಳಿನ ನಡುವೆ ಹಳದಿ ಮಳೆಕೋಟು, ಹೆಗಲ ಮೇಲೆ ಸುತ್ತಿದ ಪೈಪು. ನಮ್ಮಲ್ಲಿ ಹಳದಿ ಕೋಟು ಇರುವುದು ಪಂಪಿನವನಿಗೆ ಮಾತ್ರ. ಬಂದ ನೋಡು, ಪೈಪು ಹೆಗಲ ಮೇಲೆ ಹಾಕ್ಕೊಂಡು ಎಂದು ಹೇಳಿ ಮತ್ತೆ ಮೀಟರಿಗೆ ತಲೆ ತಗ್ಗಿಸಿದ್ದೆ. ಮುಖ ನೋಡಿರಲಿಲ್ಲ. ನಾನೇ ಬಿಟ್ಟ ಮಾತು ಐದು ಬಾಯಿ ಸುತ್ತಿ ನನ್ನ ಹತ್ತಿರವೇ ಸಾಕ್ಷಿ ಹೇಳಲು ಬಂದಿತ್ತು, ನಾನು ಅದನ್ನು ಐದು ಎಂದು ಎಣಿಸಿದ್ದೆ.

"ಹಳದಿ ಕೋಟು ಹಾಕ್ಕೊಂಡು ಬಂದವನು ಯಾರು?" ಎಂದು ಸೆಟ್ಟಿನಲ್ಲಿ ಕೇಳಿದೆ.

ಮೇಸ್ತ್ರಿ ಮೆಲ್ಲಗೆ ಅಂದ. "ನಾನಕ್ಕ. ನನ್ನ ಕೋಟು ಹರಿದಿತ್ತು. ನಾನಿನ್ನೂ ಗೂಡಲ್ಲೇ ಇರ್ತೀನಿ, ನೀನು ಹಾಕ್ಕೊಂಡು ಹೋಗು ಅಂತ ಅವನೇ ಕೊಟ್ಟ. ಡ್ರಿಲ್ಲಿನ ಪೈಪು ಹೊತ್ಕೊಂಡು ಬಂದೆ."

"ಅಂದ್ರೆ ನೀನು ಬರುವಾಗ ಅವನು ಒಳಗಿದ್ದ!"

"ಇದ್ದ. ಆದ್ರೆ ಅವನು ಬಂದ ಅಂತ ಡ್ರೈವರ್ ಅಂದ, ನನ್ನ ಹಿಂದೇನೇ ಬಂದಿರಬೇಕು ಅಂದ್ಕೊಂಡೆ. ಎಲ್ಲರೂ ಬಂದ ಅಂತಿರುವಾಗ ನಾನೊಬ್ಬ ಹೇಗಕ್ಕ ಇಲ್ಲ ಅನ್ನಲಿ?"

ಗಾಳಿಯಕ್ಕನ ಭುಜ ಹಿಡಿದು ಅಲ್ಲಾಡಿಸಿದೆ. "ಫ್ಯಾನ್ ನಿಲ್ಸು."

"ನಿಲ್ಸಿದ್ರೆ ಒಳಗೆ ಗಾಳಿ..."

"ನಿಲ್ಸೇ!"

ಅವಳು ಹಿಡಿ ಕೆಳಗೆಳೆದಳು. ಫ್ಯಾನಿನ ರೆಕ್ಕೆಗಳು ನಿಧಾನವಾಗಿ ನಿಂತವು. ತಿಂಗಳುಗಟ್ಟಲೆ ಆ ಸದ್ದಿನಲ್ಲೇ ಬದುಕಿದ ನಮಗೆ ಕಿವಿ ಗುಂಯ್ ಅನ್ನುತ್ತಿತ್ತು. ಮೇಲಿನ ರಸ್ತೆಯಲ್ಲಿ ಬಸ್ಸುಗಳ ಹಾರ್ನ್ ಕೇಳಿತು. ಮೇಸ್ತ್ರಿ, ಡ್ರೈವರ್ ಇಬ್ಬರೂ ಓಡಿಬಂದು ಸುರಂಗದ ಬಾಯಿಯ ಹತ್ತಿರ ನಿಂತರು. ಪುಸ್ತಕವೂ ಬಂದ, ಅವನ ಕೈಯಲ್ಲಿ ಗಡಿಯಾರ.

ಕಿವಿ ತಿಳಿಯಾದ ಮೇಲೆ ಒಳಗಿನಿಂದ ದುಡುದುಡು ದುಡುದುಡು ಎನ್ನುವ ಸದ್ದು ಬಂತು. ಪಂಪು ಓಡುತ್ತಿತ್ತು.

"ಚಾಲೂ ಬಿಟ್ಟೇ ಬಂದಿರಬಹುದು" ಎಂದ ಡ್ರೈವರ್. ಅವನ ಮುಖ ಬಿಳಿಚಿಕೊಂಡಿತ್ತು, ಪಾಪ, ಹಾಗೇ ಆಗಿರಲಿ ಎಂದು ಅವನಿಗೂ ಆಸೆ.

ಅಷ್ಟರಲ್ಲಿ ಸದ್ದು ನಿಂತಿತು. ನೀರು ಬತ್ತಿದರೆ ಪಂಪು ತಾನಾಗಿಯೇ ನಿಲ್ಲುವುದುಂಟು, ಅದು ನನಗೂ ಗೊತ್ತು. ನಾನು ಮನಸ್ಸಿನಲ್ಲಿ ಎಣಿಸತೊಡಗಿದೆ. ಒಂದು, ಎರಡು, ಮೂರು. ಎಂಟರ ಹತ್ತಿರ ಬಂದಿದ್ದೆ.

ಠಣ್. ಸ್ವಲ್ಪ ಬಿಟ್ಟು ಮತ್ತೆ ಠಣ್, ಠಣ್. ಯಾರೋ ಕಬ್ಬಿಣದ ಮೇಲೆ ಸ್ಪ್ಯಾನರಿನಿಂದ ಹೊಡೆಯುತ್ತಿದ್ದರು.

"ಅಯ್ಯೋ ದೇವರೇ" ಎಂದಳು ಗಾಳಿಯಕ್ಕ. ಪುಸ್ತಕ ಗಡಿಯಾರವನ್ನು ಜೇಬಿಗೆ ಹಾಕಿಕೊಂಡು, ರಸ್ತೆಯವರಿಗೆ ಇನ್ನೂ ಹದಿನೈದು ನಿಮಿಷ ಬೇಕು ಎಂದು ಹೇಳಲು ಓಡಿದ. ನಾನು ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಒಳಗೆ ನುಗ್ಗಿದೆ. ಮೇಸ್ತ್ರಿ ಹಿಂದೆಯೇ ಟಾರ್ಚ್ ಹಿಡಿದುಕೊಂಡು ಬಂದ. ಪಾದ ಮುಳುಗುವಷ್ಟು ನೀರು. ಮೊಣಕಾಲು ಇದೆಯೋ ಇಲ್ಲವೋ ಎನ್ನುವ ಪರಿವೆಯೂ ನನಗಿರಲಿಲ್ಲ. ತಮ್ಮನ ಹೆಸರು ಹಿಡಿದು ಕೂಗುತ್ತ, ನಡುನಡುವೆ ಅವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತ ತಿರುವಿನವರೆಗೆ ಹೋದೆ.

ತಿರುವಿನಲ್ಲಿ ಅವನೇ ಎದುರು ಬಂದ. ಮೈಯೆಲ್ಲ ಕೆಸರು, ಕೈಯಲ್ಲಿ ಸ್ಪ್ಯಾನರು.

"ಏನಕ್ಕ ಇದು, ಫ್ಯಾನ್ ಯಾಕೆ ನಿಂತ್ಹೋಯ್ತು? ಪೈಪಿನ ಬೋಲ್ಟು ತುಕ್ಕು ಹಿಡಿದು ಕೂತಿತ್ತು, ಬಿಚ್ಚೋಕೆ ಸಾಕುಸಾಕಾಯ್ತು. ಪಂಪಿನ ಸದ್ದಲ್ಲಿ ಸೈರನ್ನೂ ಕೇಳ್ಲಿಲ್ಲ."

ಎಡಗೈಯಿಂದ ಅವನ ಬೆನ್ನಿಗೆ ಎರಡು ಬಾರಿಸಿದೆ. ಆಮೇಲೆ ಅದೇ ಕೈಯಿಂದ ಅವನ ಅಂಗಿ ಹಿಡಿದುಕೊಂಡು ಅತ್ತೆ. ಮೇಸ್ತ್ರಿಯ ಮುಂದೆ ಅಳಬೇಕಾಯಿತಲ್ಲ ಎಂದು ನಾಚಿಕೆಯೂ ಆಗಲಿಲ್ಲ. ಹೊರಗೆ ಕರೆತಂದು ಮರೆಗೋಡೆಯ ಹಿಂದೆ ಕೂರಿಸಿದೆವು. ಗಾಳಿಯಕ್ಕ ನೀರು ಕುಡಿಸಿದಳು. ಏನೇನು ನಡೆಯಿತು ಎಂದು ಡ್ರೈವರ್ ಅವನಿಗೆ ತಡವರಿಸಿಕೊಂಡು ಹೇಳಿದ. ತಮ್ಮ ಲೋಟ ಕೆಳಗಿಟ್ಟ.

"ನಾನು ಬಂದೆ ಅಂತ ಮೊದಲು ಹೇಳಿದ್ದು ಯಾವನು?"

ಮೂವರೂ ನೆಲ ನೋಡಿದರು. ಒಬ್ಬರೂ ನನ್ನ ಕಡೆ ಕಣ್ಣೆತ್ತಲಿಲ್ಲ.

"ನಾನು" ಅಂದೆ. "ಮೇಸ್ತ್ರಿ ನಿನ್ನ ಕೋಟು ಹಾಕ್ಕೊಂಡಿದ್ದ. ಮುಖ ನೋಡ್ದೇನೇ ನೀನು ಅಂದ್ಕೊಂಡೆ. ನಾನೇ ಹೇಳಿದ್ದು."

ಅವನು ನಕ್ಕುಬಿಟ್ಟ. "ಸುಮ್ನಿರಕ್ಕ. ಇವರನ್ನ ಉಳಿಸೋಕೆ ಎಲ್ಲಾ ನಿನ್ನ ತಲೆ ಮೇಲೆ ಹಾಕ್ಕೋಬೇಡ."

"ನಿಜ ಕಣೋ. ಕೀ ಅರ್ಧ ತಿರುಗಿಸಿದ್ದೆ. ನೀನಾದ್ರೂ ಗಡಿಯಾರ ನೋಡ್ಬಾರದಾ? ಹನ್ನೆರಡೂಕಾಲಿಗೆ ಆಚೆ ಇರಬೇಕು ಅಂತ ಗೊತ್ತಿಲ್ವಾ?"

"ಬೇರೆ ಸೈಟಲ್ಲಿದ್ದಾಗ ಐದೈದು ನಿಮಿಷಕ್ಕೂ ನೋಡ್ತಿದ್ದೆ" ಅಂದ. "ಇಲ್ಲಿಗೆ ಬಂದ ಮೇಲೆ ಗಡಿಯಾರ ಕಟ್ಟೋದೇ ಬಿಟ್ಟಿದೀನಿ. ಕೀ ನಿನ್ನ ಹತ್ರ ಇರುವಾಗ ನನಗೇನು ಭಯ?"

ಪುಸ್ತಕ ಓಡಿಬಂದು, ರಸ್ತೆ ಇನ್ನು ಆರು ನಿಮಿಷ ಮಾತ್ರ ಅಂದ. ನೀರು ಏರುತ್ತಿತ್ತು, ಸಿಡಿಸಲೇಬೇಕಿತ್ತು. ಎಲ್ಲರನ್ನೂ ಸಾಲಾಗಿ ನನ್ನ ಕಣ್ಣ ಮುಂದೆ ನಿಲ್ಲಿಸಿ, ಒಬ್ಬೊಬ್ಬರ ಮುಖವನ್ನೂ ನೋಡಿದೆ, ತಾತನನ್ನೂ ಗೇಟಿನಿಂದ ಕರೆಸಿ ನೋಡಿದೆ. ಕೀ ಹಾಕಲು ಹೋದರೆ ತೂತು ಸಿಗಲಿಲ್ಲ. ಎರಡು ಸಲ ತಪ್ಪಿತು.

ತಮ್ಮ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದ. ಅವನ ಕೈ ಸ್ವಲ್ಪವೂ ಅಲುಗುತ್ತಿರಲಿಲ್ಲ. ನನ್ನ ಕೈಯನ್ನು ತಾನೇ ತಂದು, ಕೀಯನ್ನು ಪೆಟ್ಟಿಗೆಯ ತೂತಿಗೆ ಕೂರಿಸಿ, "ಒತ್ತಕ್ಕ" ಅಂದ.